ಎದೆಯ ಸದ್ದು ಚೆನ್ನಾಗಿದ್ದ ದೊಡ್ಡಮ್ಮ

ಅಣ್ಣನ ಮಗಳು ಹೋದ ಭಾನುವಾರ ಚನ್ನಗಿರಿಯ ನಮ್ಮ ಮನೆಗೆ ಬಂದಿದ್ದಳು. ಮೆಡಿಕಲ್ ಓದುತ್ತಾಳೆ. ಸಂಜೆ ಹಾಸ್ಟೆಲ್ಲಿಗೆ ಹೊರಡುವ ಮುಂಚೆ ಮುಖ ತೊಳೆದು ಕುತ್ತಿಗೆಗೆ ಪೌಡರ್ ಹಾಕಿಕೊಳ್ಳುತ್ತಿದ್ದಳು. ಗುಲಾಬಿ ವಾಸನೆಯ ಅದೇ ಹಳೇ ಪೌಡರು. ಅಡುಗೆಮನೆಯಲ್ಲಿ ಅವಳಿಗೆ ಬುತ್ತಿ ಕಟ್ಟುತ್ತಿದ್ದ ನನ್ನ ಮೂಗಿಗೆ ಅದು ಬಡಿದದ್ದೇ ತಡ, ಹಳೇ ಸಿಟ್ಟು ಮತ್ತೆ ಹೊತ್ತಿಕೊಂಡಿತು. ಇಷ್ಟು ವರ್ಷವಾದರೂ ಆರಿಲ್ಲವಲ್ಲ ಅಂತ ನನಗೇ ಆಶ್ಚರ್ಯ. ಆ ಪೌಡರಿನ ಡಬ್ಬಿ ನಾನು ಬೆಳೆದ ನ್ಯಾಮತಿಯಲ್ಲಿ, ನಮ್ಮ ಪಕ್ಕದ ಮನೆಯ ದೊಡ್ಡಮ್ಮನ ಕನ್ನಡಿಯ ಕೆಳಗೆ ಇರುತ್ತಿತ್ತು. ಮದುವೆ ಮುಂಜಿಗೂ ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಪರೀಕ್ಷೆಯ ದಿನ ಮಾತ್ರ ಹಾಕಿಕೊಳ್ಳುತ್ತಿದ್ದಳು.

ದೊಡ್ಡಮ್ಮ ಅಂದರೆ ರಕ್ತಸಂಬಂಧವೇನಿಲ್ಲ. ಓಣಿಗೆಲ್ಲ ಅವಳು ದೊಡ್ಡಮ್ಮನೇ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿಗೆ ಮಂಡಕ್ಕಿ ಅಂಗಡಿ ಇಟ್ಟುಕೊಂಡಿದ್ದಳು. ಸವಳಂಗದ ಕಡೆಯಿಂದ ಬರುವ ಬಸ್ಸಿನವರು ಅವಳ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿನ್ನದೆ ಮುಂದೆ ಹೋಗುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಂಥವಳು ವರ್ಷವರ್ಷವೂ ಹೊನ್ನಾಳಿಯಲ್ಲಿ ಬಸ್ಸು ಬದಲಾಯಿಸಿ ದೂರದ ಒಂದು ಮೆಡಿಕಲ್ ಕಾಲೇಜಿನ ಪರೀಕ್ಷೆಗೆ ಹೋಗುತ್ತಿದ್ದಳು. ಅಲ್ಲಿ ಅವಳೇ ಪ್ರಶ್ನೆಪತ್ರಿಕೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಡಾಕ್ಟರಾಗುವ ಹುಡುಗರಿಗೆ ಬರೆಯುವ ಪರೀಕ್ಷೆ ಮಾತ್ರ ಇರುವುದಿಲ್ಲ. ಮಂಚದ ಮೇಲೆ ಒಬ್ಬ ರೋಗಿಯನ್ನು ಮಲಗಿಸುತ್ತಾರೆ. ಹುಡುಗ ಬಂದು ವಿಚಾರಿಸಬೇಕು, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಬೇಕು, ಆಮೇಲೆ ಪರೀಕ್ಷಕರ ಮುಂದೆ ಇಂಥ ರೋಗ, ಇಂಥ ಚಿಕಿತ್ಸೆ ಅಂತ ಹೇಳಬೇಕು. ಅದಕ್ಕೆ ರೋಗ ಸ್ಪಷ್ಟವಾಗಿ ಕಾಣುವ, ಕೇಳುವ ರೋಗಿಗಳು ಬೇಕು. ದೊಡ್ಡಮ್ಮನಿಗೆ ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಒಂದು ಕವಾಟ ಅಂಟಿಕೊಂಡು ಕಿರಿದಾಗಿತ್ತು. ಅದರ ಸಂದಿಯಲ್ಲಿ ರಕ್ತ ನುಗ್ಗುವಾಗ ಗುಡುಗುಡು ಅನ್ನುವ ಸದ್ದು. ಅಷ್ಟು ಶುದ್ಧವಾದ ಸದ್ದು ಇಡೀ ಜಿಲ್ಲೆಯಲ್ಲಿ ಇಲ್ಲ ಅಂತ ಅಲ್ಲಿನ ದೊಡ್ಡ ಡಾಕ್ಟರು ಹೊಗಳುತ್ತಿದ್ದರಂತೆ. ಪರೀಕ್ಷೆ ಬಂತು ಅಂದರೆ ಅಂಗಡಿಯ ಫೋನಿಗೆ ಕಾಲೇಜಿನ ಅಟೆಂಡರ್ ಫೋನು ಮಾಡುತ್ತಿದ್ದ.

ನಾನು ಬಿ.ಎಡ್. ಮಾಡುತ್ತಿದ್ದಾಗ ಒಮ್ಮೆ ಜೊತೆಗೆ ಹೋದೆ. ಬೆಳಗ್ಗೆಯೇ ತಲೆಗೆ ಸ್ನಾನ, ಇಸ್ತ್ರಿ ಮಾಡಿದ ಸೀರೆ, ಎದೆ ಕುತ್ತಿಗೆ ಬೆನ್ನಿಗೆಲ್ಲ ಪೌಡರು. ಎಷ್ಟು ಸಿಂಗಾರ ಅಂತ ನಾನು ರೇಗಿಸಿದೆ.

"ಎದೆ ಮ್ಯಾಲೆ ಬಗ್ಗಿ ಕೇಳಾಕೆ ಬರೋ ಹುಡುಗ್ರು ಕಣೇ. ಬೆವರಿನ ವಾಸನೆ ಬಡಿಬಾರ್ದು," ಅಂದಳು.

ವಾರ್ಡಿನಲ್ಲಿ ಒಬ್ಬೊಬ್ಬರೇ ಹುಡುಗರು ಬಂದರು. ಹೆದರಿ ಬೆವೆತಿದ್ದರು, ಪಾಪ. ಉಸಿರು ಯಾವಾಗಿನಿಂದ ಕಟ್ಟುತ್ತದೆ, ಮಲಗಿದರೆ ನಿದ್ದೆ ಬರುತ್ತದಾ, ಚಿಕ್ಕಂದಿನಲ್ಲಿ ಏನಾಗಿತ್ತು ಅಂತ ಕೇಳಿದರು. ದೊಡ್ಡಮ್ಮ ಹಬ್ಬದ ಸಂಭ್ರಮದಲ್ಲಿ ಹೇಳಿದಳು. ಆಮೇಲೆ ನಾನು ನೋಡಿದ್ದು... ಸ್ವಲ್ಪ ದಣಿದರೆ ಆ ಸದ್ದು ಜೋರಾಗುತ್ತದಂತೆ. ಅದಕ್ಕೆ ಅವಳನ್ನು ಎಬ್ಬಿಸಿ ಕೂರಿಸಿದರು, ಮಲಗಿಸಿದರು, ಮತ್ತೆ ಎಬ್ಬಿಸಿದರು. ಉಸಿರು ಕಟ್ಟುವ ಹೆಂಗಸಿಗೆ ಕಸರತ್ತು! ಏದುಸಿರು ಬಿಡುತ್ತಾ ಎಡಮಗ್ಗುಲಾಗಿ ಮಲಗಿ, ಹುಡುಗ ಎದೆಯಿಂದ ಸ್ಟೆತಾಸ್ಕೋಪ್ ತೆಗೆಯುವ ಮೊದಲೇ ಕೇಳುತ್ತಿದ್ದಳು: "ಕೇಳಿಸ್ತೇನಪ್ಪಾ?" ಪ್ರತಿಯೊಬ್ಬನಿಗೂ ಅದೇ ಮಾತು. ಅವನು ಫೇಲಾಗಬಾರದು ಅನ್ನುವ ಕಾಳಜಿ ಅವಳಿಗೆ.

ಪರೀಕ್ಷಕರು ಬಂದ ಮೇಲೆ ಎಲ್ಲ ಇಂಗ್ಲಿಷು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದೆ, ಅರ್ಧಂಬರ್ಧ ತಿಳಿಯುತ್ತಿತ್ತು. ಕೊನೆಯ ಪ್ರಶ್ನೆ ಎಲ್ಲರಿಗೂ ಒಂದೇ. ಚಿಕಿತ್ಸೆ ಏನು? ಹುಡುಗರು ಗಿಣಿಯ ಹಾಗೆ ಒಪ್ಪಿಸಿದರು. ಕವಾಟವನ್ನು ಬೇಗ ಬಿಡಿಸಬೇಕು, ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಅಗಲ ಮಾಡಬಹುದು, ತಡವಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಗುಡ್, ನೆಕ್ಸ್ಟ್. ಮುಂದಿನವನೂ ಅದನ್ನೇ ಹೇಳಿ ಪಾಸಾದ. ಅವನ ಮುಂದಿನವನೂ. ಸರಿಯುತ್ತರ ಎಲ್ಲರ ಬಾಯಲ್ಲೂ ಇತ್ತು. ಅದು ಬೇಕಾಗಿದ್ದವಳು ಅವರ ಮೊಣಕೈಗೆ ತಗಲುವಷ್ಟು ಹತ್ತಿರ ಮಲಗಿ, ಭಾಷೆ ತಿಳಿಯದೆ, ಹುಡುಗರು ಚೆನ್ನಾಗಿ ಹೇಳುತ್ತಿದ್ದಾರೆ ಅಂತ ಖುಷಿಯಾಗಿದ್ದಳು. ಥೂ!

ಪರೀಕ್ಷೆ ಮುಗಿದದ್ದೇ ನಾನು ದೊಡ್ಡ ಡಾಕ್ಟರ ಮುಂದೆ ಹೋಗಿ ನಿಂತೆ. ಬಿಡಿಸಬೇಕು ಅಂತ ಎಲ್ಲರೂ ಹೇಳುತ್ತೀರಿ, ಇವಳಿಗೆ ಯಾಕೆ ಬಿಡಿಸಿಲ್ಲ ಅಂತ ಕೇಳಿದೆ. ಕೆಟ್ಟವರೇನಲ್ಲ ಅವರು, ನನಗೆ ಕುರ್ಚಿ ಕೊಟ್ಟು ಮಾತಾಡಿದರು. ಹೌದಮ್ಮ, ಹೃದಯದ ಆಸ್ಪತ್ರೆಗೆ ಕಳಿಸಬೇಕು, ಕಳಿಸುತ್ತೇವೆ, ಒಂದು ಸಂಶೋಧನೆ ನಡೀತಾ ಇದೆ, ಅದೊಂದು ಮುಗಿಯಲಿ ಅಂದರು. ಹುಡುಗರಿಗೆ ಎದೆಯ ಸದ್ದು ಯಾಕೆ ಬೇಗ ತಿಳಿಯುವುದಿಲ್ಲ, ಹೇಗೆ ಕಲಿಸಿದರೆ ತಿಳಿಯುತ್ತದೆ ಅನ್ನುವುದರ ಮೇಲೆ ಸಂಶೋಧನೆ. ಅದಕ್ಕೆ ಅವಳ ಸದ್ದನ್ನು ಯಂತ್ರದಲ್ಲಿ ಹಿಡಿಯಬೇಕಿತ್ತು. ಆಮೇಲೆ ಪಕ್ಕದವರ ಕಡೆ ತಿರುಗಿ ನಕ್ಕರು: "ಬಿಡಿಸಿಬಿಟ್ರೆ ಸದ್ದೇ ಹೋಗುತ್ತಲ್ರೀ, ಆಮೇಲೆ ನಮ್ಮ ಹುಡುಗ್ರು ಏನು ಕೇಳ್ಬೇಕು?"

ತಮಾಷೆಗೆ ಅಂದದ್ದು. ನನ್ನ ಹಿಂದೆ ನಿಂತಿದ್ದ ದೊಡ್ಡಮ್ಮನೂ ನಕ್ಕಳು. ನಾನೊಬ್ಬಳೇ ನಗಲಿಲ್ಲ.

ಬಸ್ಸಿನಲ್ಲಿ ಅವಳ ಜೊತೆ ಜಗಳವಾಡಿದೆ. ಇನ್ನು ಮೇಲೆ ಹೋಗಬೇಡ, ನಾವೇ ಹೃದಯದ ಆಸ್ಪತ್ರೆಗೆ ಹೋಗೋಣ ಅಂದೆ. ಅವಳು ನನ್ನನ್ನೇ ಎಳೆ ಮಗುವಿನ ಹಾಗೆ ಸಮಾಧಾನ ಮಾಡಿದಳು.

"ಅಷ್ಟು ಮಂದಿ ಡಾಕ್ಟ್ರು ನೋಡ್ಯಾರೆ. ಅರ್ಜೆಂಟ್ ಇದ್ದಿದ್ರೆ ಒಬ್ಬರಾದ್ರೂ ಹೇಳ್ತಿರಲಿಲ್ವೇನೇ? ಅಲ್ಲದೆ, ನಿದ್ದೆ ಬರ್ತೈತಾ, ಉಸಿರು ಹೆಂಗೈತೆ ಅಂತ ನನ್ನ ಯಾರು ಕೇಳ್ತಾರೆ ಹೇಳು. ಅಲ್ಲಿ ಎಲ್ಲಾ ಹುಡುಗ್ರೂ ಕೇಳ್ತಾವೆ."

ಅವಳ ಮೇಲೂ ಸಿಟ್ಟು ಬಂತು. ಅಷ್ಟು ಜನ ನೋಡಿದ್ದೇ ಅವಳ ಪಾಲಿಗೆ ಮುಳುವಾಗಿತ್ತು. ಒಬ್ಬನೇ ಒಬ್ಬ ಡಾಕ್ಟರು ನೋಡಿದ್ದರೆ ಅವನಿಗಾದರೂ ಇವಳು ನನ್ನ ರೋಗಿ ಅನ್ನಿಸುತ್ತಿತ್ತೇನೋ... ಎಲ್ಲರಿಗೂ ಅವಳು ಕೇಸು, ಯಾರಿಗೂ ರೋಗಿಯಲ್ಲ. ನಾನು ಬಿಡಲಿಲ್ಲ, ಮತ್ತೆ ಹೋಗಿ ಪೀಡಿಸಿದೆ. ರೆಕಾರ್ಡಿಂಗ್ ಮುಗಿಯಿತು, ಇನ್ನೇನು ಕಳಿಸುತ್ತೇವೆ ಅಂದರು. ಅಷ್ಟರಲ್ಲಿ ದೊಡ್ಡ ಡಾಕ್ಟರು ಬಡ್ತಿ ಸಿಕ್ಕಿ ಬೇರೆ ಕಡೆ ಹೋದರು. ಹೊಸಬರಿಗೆ ದೊಡ್ಡಮ್ಮನ ಸದ್ದು ಗೊತ್ತಿತ್ತು, ಕಳಿಸುವ ಮಾತು ಗೊತ್ತಿರಲಿಲ್ಲ. ಕೊನೆಗೆ ನನ್ನ ಕಾಟ ತಾಳಲಾರದೆ ದೊಡ್ಡಮ್ಮ, ದೀಪಾವಳಿ ಕಳೀಲಿ, ನಾವೇ ಹೋಗೋಣ ಅಂತ ಒಪ್ಪಿಕೊಂಡಳು.

ದೀಪಾವಳಿ ಬರಲಿಲ್ಲ. ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದವಳು ಅಲ್ಲೇ ಕುಸಿದಳು. ಬಾಯಲ್ಲಿ ಗುಲಾಬಿ ಬಣ್ಣದ ನೊರೆ. ಹುಡುಗರು ಪರೀಕ್ಷೆಯಲ್ಲಿ ಹೇಳಿದ ಹಾಗೆಯೇ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಂಬುಲೆನ್ಸು ಹೊನ್ನಾಳಿ ಮುಟ್ಟುವ ಮುಂಚೆ ನನ್ನ ತೊಡೆಯ ಮೇಲೆ ಜೀವ ಬಿಟ್ಟಳು.

ಸ್ವಲ್ಪ ದಿನಕ್ಕೆ ಅಂಗಡಿಯ ಸಾಮಾನು ಖಾಲಿ ಮಾಡುತ್ತಿದ್ದಾಗ ಫೋನು ಬಂತು. ಅಟೆಂಡರ್. ಪರೀಕ್ಷೆ ಐತೆ, ಅಮ್ಮನ್ನ ಕಳಿಸ್ರಿ ಅಂದ. ತೀರಿಕೊಂಡಳು ಅಂದೆ. ಅಯ್ಯೋ ಶಿವನೇ ಅಂದ, ನಿಜವಾಗಿಯೂ ಮರುಗಿದ. ಆಮೇಲೆ ಕೇಳಿದ:

"ಅಂಥದ್ದೇ ಸದ್ದು ಇರೋರು ನಿಮ್ಮೂರಾಗೆ ಬೇರೆ ಯಾರಾದ್ರೂ ಅದಾರೇನ್ರೀ?"

ನಾನು ಏನು ಬೈದೆ ಅನ್ನುವುದನ್ನು ಇಲ್ಲಿ ಬರೆಯಲಾಗದು. ಅವನದೇನು ತಪ್ಪು, ಹೇಳಿದ ಕೆಲಸ ಮಾಡುವವನು. ಬೈಸಿಕೊಳ್ಳಬೇಕಾದವರು ಫೋನಿನ ಆ ತುದಿಯಲ್ಲಿ ಇರಲಿಲ್ಲ.

ನಾನು ಈಗ ಬಿ.ಎಡ್. ಕಾಲೇಜಿನಲ್ಲಿ ಶೈಕ್ಷಣಿಕ ಮನೋವಿಜ್ಞಾನ ಕಲಿಸುತ್ತೇನೆ. ಕಲಿಕೆಯ ಮೇಲಿನ ಸಂಶೋಧನಾ ಲೇಖನಗಳನ್ನು ಓದುವುದೇ ಕಸುಬು. ಹಾಗೆ ಓದುವಾಗ ಒಮ್ಮೆ ಆ ದೊಡ್ಡ ಡಾಕ್ಟರ ಲೇಖನವೂ ಸಿಕ್ಕಿತು. ಒಳ್ಳೆಯ ಲೇಖನ, ಸುಳ್ಳು ಹೇಳಲಾರೆ. ಕೊನೆಯಲ್ಲಿ ಕಾಲೇಜಿಗೆ, ಸಹೋದ್ಯೋಗಿಗಳಿಗೆ, ಬೆರಳಚ್ಚು ಮಾಡಿಕೊಟ್ಟವರಿಗೆ, ಎಲ್ಲರಿಗೂ ವಂದನೆ ಇತ್ತು. ರೋಗಿಯ ಹೆಸರು ಹಾಕುವುದು ಬೇಡ, ಹಾಕಬಾರದು ಅಂತ ನಿಯಮವಿದೆ. ಎದೆ ಕೊಟ್ಟ ರೋಗಿಗೆ ಅಂತ ಒಂದು ಮಾತು ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಇಷ್ಟೆಲ್ಲ ತಲೆಯಲ್ಲಿ ಸುತ್ತುತ್ತಿದ್ದಾಗ ಅಣ್ಣನ ಮಗಳು ಪೌಡರ್ ಡಬ್ಬಿ ಬ್ಯಾಗಿಗೆ ಹಾಕಿಕೊಂಡು, ಮೊಬೈಲು ಹಿಡಿದು ಅಡುಗೆಮನೆಗೆ ಬಂದಳು. ಅವಳು ಓದುವುದೂ ದೊಡ್ಡಮ್ಮ ಪರೀಕ್ಷೆಗೆ ಹೋಗುತ್ತಿದ್ದ ಕಾಲೇಜಿನಲ್ಲೇ. ಎದೆಯ ಸದ್ದುಗಳ ಪಾಠ ಶುರುವಾಗಿದೆಯಂತೆ, ಹಳೇ ರೆಕಾರ್ಡಿಂಗ್ ಒಂದನ್ನು ಎಲ್ಲರಿಗೂ ಕಳಿಸಿದ್ದಾರಂತೆ. ಮಜಾ ಐತೆ ಕೇಳು ಅತ್ತೆ ಅಂತ ನನ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿದಳು. ಗುಡುಗುಡು, ಗುಡುಗುಡು. ದೂರದ ರಸ್ತೆಯಲ್ಲಿ ಎತ್ತಿನಗಾಡಿ ಹೋಗುವ ಹಾಗೆ. ಕೊನೆಯಲ್ಲಿ ಏನೋ ಗೊಗ್ಗರು ದನಿ, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ.

"ಕೊನೇದು ಬಿಡು ಅತ್ತೆ, ಅದು ಬರೀ ಗಲಾಟೆ. ಅದನ್ನ ಲೆಕ್ಕಕ್ಕೆ ತಗೋಬೇಡಿ ಅಂದಾರೆ ಸರ್ರು."

ನಾನು ಮತ್ತೆ ಹಚ್ಚಲು ಹೇಳಿದೆ. ಮತ್ತೆ, ಮತ್ತೆ. ಆ ರಾಗ ನನಗೆ ಗೊತ್ತು. ಎದೆಯ ಒಳಗಿನಿಂದ ಬರುತ್ತಿತ್ತು ಆ ದನಿ. ಈ ರೋಗಕ್ಕೆ ಏನು ಮಾಡಬೇಕು ಅಂತ ಅವಳನ್ನು ಕೇಳಿದೆ. ಹುಡುಗಿ ನೆಟ್ಟಗೆ ನಿಂತು ಒಪ್ಪಿಸಿದಳು. ಬೇಗ ಬಿಡಿಸಬೇಕು, ಬಲೂನು, ಇಲ್ಲದಿದ್ದರೆ ನೀರು. ಒಂದಕ್ಷರ ತಪ್ಪಿಲ್ಲ.

ಆಗ ಅವಳನ್ನು ಕೂರಿಸಿಕೊಂಡು ಇದು ಯಾರ ಎದೆ ಅಂತ ಹೇಳಿದೆ. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಅವಳು ಇಯರ್‌ಫೋನನ್ನು ತನ್ನ ಕಿವಿಗೆ ಹಾಕಿಕೊಂಡು, ಸದ್ದನ್ನೆಲ್ಲ ಮುಂದಕ್ಕೆ ಓಡಿಸಿ, ಬರೀ ಕೊನೆಯ ತುಣುಕನ್ನು ಕೇಳಿದಳು. ಹಿಂದಕ್ಕೆ ಎಳೆದು ಮತ್ತೊಮ್ಮೆ ಕೇಳಿದಳು.

"ಕೇಳಿಸ್ತೇನಪ್ಪಾ ಅಂತಾರೆ ಅತ್ತೆ," ಅಂದಳು.

ಹೌದು ಅಂದೆ. ಅವಳ ಬಸ್ಸು ತಪ್ಪಿತು. ಬುತ್ತಿಯನ್ನು ಬಿಚ್ಚಿ ಇಬ್ಬರೂ ಅಲ್ಲೇ ಕೂತು ಉಂಡೆವು.