ಹಡಗು ಹತ್ತದೆ ಉಳಿದ ಮೇಲುಕಲ್ಲು

ನನ್ನ ಅಕ್ಕ ಹಡಗು ಹತ್ತಿದ ದಿನ ಅವಳ ಸಾಮಾನನ್ನು ನಾನು ಹೊತ್ತುಕೊಡಲಿಲ್ಲ. ಕೈಲಾಗದೆ ಅಲ್ಲ. ಆಗ ನನಗೆ ಇಪ್ಪತ್ತೆರಡು ವರ್ಷ, ಹೊರುವುದೇ ನನ್ನ ಹೊಟ್ಟೆಪಾಡು. ಚನ್ನರಾಯಪಟ್ಟಣದಿಂದ ಹಾಸನದ ಮೇಲೆ ಅರಕಲಗೂಡಿಗೆ ಹೋಗುತ್ತಿದ್ದ ಖಾಸಗಿ ಬಸ್ಸಿನಲ್ಲಿ ಕ್ಲೀನರ್ ಆಗಿದ್ದೆ. ಶಾಂತಿಗ್ರಾಮದ ಹಾಲಿನ ಕ್ಯಾನು, ಮದುವೆ ಮನೆಯ ಹಂಡೆ, ವರ್ಗವಾದ ಮೇಷ್ಟರ ಮಂಚ, ಒಂದು ಸಲ ಕಾಲು ಕಟ್ಟಿದ ಟಗರು, ಇವೆಲ್ಲ ನನ್ನ ತಲೆಯ ಮೇಲೆ ಏಣಿ ಹತ್ತಿ ಬಸ್ಸಿನ ಟಾಪು ಸೇರಿವೆ. ಟಗರು ನನ್ನ ಕಿವಿ ಕಚ್ಚಲು ನೋಡಿತ್ತು. ಅದನ್ನೂ ಹೊತ್ತೆ. ಒಡಹುಟ್ಟಿದವಳದ್ದನ್ನು ಮಾತ್ರ ಹೊರಲಿಲ್ಲ.

ನಮ್ಮ ಊರು ಹೊಳೆನರಸೀಪುರಕ್ಕೆ ಮೂರು ಮೈಲಿ. ಅಪ್ಪ ಬೇಗ ಹೋದರು. ಮನೆಯಲ್ಲಿ ಅವ್ವ, ಅಕ್ಕ, ನಾನು. ನಾನು ಓದಿದ್ದು ನಾಲ್ಕನೇ ಕ್ಲಾಸಿನ ತನಕ, ಅಕ್ಕ ನನಗಿಂತ ಒಂದು ಕ್ಲಾಸು ಹೆಚ್ಚು. ಅವ್ವನಿಗೆ ಅಕ್ಷರ ಗೊತ್ತಿರಲಿಲ್ಲ. ಈ ಸಂಗತಿ ಆಮೇಲೆ ನನಗೆ ಬಹಳ ಅನುಕೂಲಕ್ಕೆ ಬಂತು.

ಅಕ್ಕನನ್ನು ಅರಕಲಗೂಡಿನ ಕಡೆ ಕೊಟ್ಟಿತ್ತು. ಭಾವ ಮರಗೆಲಸದವರು. ಮದುವೆಯಾದ ಮರುವರ್ಷವೇ ಯಾರದೋ ಜೊತೆ ಆಫ್ರಿಕಾಕ್ಕೆ ಹೋಗಿ, ಅಲ್ಲಿನ ಒಂದು ಬಂದರಿನ ಊರಿನಲ್ಲಿ ಕೆಲಸಕ್ಕೆ ನಿಂತರು. ಎರಡು ವರ್ಷ ಕಳೆದು ಅಕ್ಕನಿಗೆ ಟಿಕೆಟ್ಟು ಕಳಿಸಿದರು. ಅವಳನ್ನು ಬೊಂಬಾಯಿ ತನಕ ಕರೆದುಕೊಂಡು ಹೋಗಿ ಹಡಗು ಹತ್ತಿಸುವುದು ನನ್ನ ಪಾಲಿಗೆ ಬಂತು. ಆ ಐವತ್ತರ ದಶಕದಲ್ಲಿ ನಮ್ಮ ಊರಿನಿಂದ ಹಾಸನ ದಾಟಿ ಹೋದವರನ್ನು ಬೆರಳು ಮಡಿಸಿ ಹೇಳಬಹುದಿತ್ತು.

ಭಾವ ಕಾಗದದಲ್ಲಿ, ಇಲ್ಲೂ ರಾಗಿ ಬೆಳೆಯುತ್ತಾರೆ, ಹೆದರಬೇಡಿ ಎಂದು ಬರೆದಿದ್ದರು. ಅವ್ವ ಹೆದರಿದ್ದು ಅದನ್ನು ಕೇಳಿದ ಮೇಲೆ.

“ಬೆಳುದ್ರೆ ಆಯ್ತಾ? ಬೀಸೋರ್ಯಾರು?” ಎಂದವಳೇ ಅಟ್ಟದ ಕೆಳಗಿನಿಂದ ಚಿಕ್ಕ ಬೀಸುವ ಕಲ್ಲನ್ನು ಎಳೆದಳು. ಅದು ಅವ್ವನಿಗೆ ಅವಳ ಅವ್ವ ಕೊಟ್ಟದ್ದು. ಕೆಳಗಿನ ಕಲ್ಲು ಒಂದು ಗೋಣಿಯಲ್ಲಿ, ಮೇಲುಕಲ್ಲು ಇನ್ನೊಂದರಲ್ಲಿ, ಎರಡು ಗಂಟಾಯಿತು.

“ಅವ್ವ, ಇಷ್ಟು ಭಾರ ಹಡಗಿನಾಗೆ ಬುಡ್ತಾರಾ?” ಎಂದೆ.

“ಆನೆ ಕುದುರೆ ಎಲ್ಲಾ ಸಾಗಿಸ್ತಾರಂತೆ. ನನ್ ಕಲ್ಲಿಗೆ ಮುಳುಗೋದದಾ? ನೋಡ್ಲಾ, ದಾರೀಲಿ ಇಳಿಸಿ ಕೈ ಒದರ್ಕಂಡು ಬಂದ್ಬುಟ್ಟೀಯ! ಅವಳು ಮಲಗೋ ಜಾಗದ ತಾವ ನೀನೇ ಇಟ್ಟು ಬರ್ಬೇಕು.”

ನಮ್ಮ ಮನೆಯ ಕಡೆ ಅದೊಂದು ಪದ್ಧತಿ. ಹೆಣ್ಣುಮಗಳನ್ನು ಗಂಡನ ಮನೆಗೆ ಬಿಡಲು ಹೋದ ಅಣ್ಣತಮ್ಮ, ತವರಿನ ಸಾಮಾನನ್ನು ತಾನೇ ಹೊತ್ತು ಒಳಗೆ ಇಟ್ಟು ಬರಬೇಕು. ಹೊಸ್ತಿಲ ಹೊರಗೆ ಇಳಿಸಿ ಬಂದರೆ, ಕಳಿಸಿದಂತಲ್ಲ, ಕಳಕೊಂಡಂತೆ. ಗಂಡನ ಮನೆ ಸಮುದ್ರದ ಆಚೆ ಇರುವುದರಿಂದ, ಈ ಸಲ ಹಡಗನ್ನೇ ಹೊಸ್ತಿಲು ಎಂದು ಅವ್ವ ತೀರ್ಮಾನಿಸಿದ್ದಳು.

ಹೊರಡುವ ಹಿಂದಿನ ದಿನ ನಮ್ಮ ಬಸ್ಸಿನ ಏಜೆಂಟರು ತಮ್ಮ ಕರಿ ಕೋಟು ಬಿಚ್ಚಿ ಕೊಟ್ಟರು. “ಬೊಂಬಾಯಿಗೆ ಓಗೋನು ಕ್ಲೀನರ್ ಅಂಗೀಲಿ ಓದ್ರೆ ನಮ್ ಬಸ್ಸಿನ ಮಾನ ಏನಾಯ್ತದ್ಲಾ?” ಬಸ್ಸಿನ ಮಾನ ಬೊಂಬಾಯಿ ತನಕ ಹಬ್ಬಿದೆಯೆಂದು ನನಗೆ ಗೊತ್ತಿರಲಿಲ್ಲ. ಕೋಟಿನ ತೋಳು ಬೆರಳುಗಳನ್ನು ಮುಚ್ಚುತ್ತಿತ್ತು. ಆದರೂ ಅರಸೀಕೆರೆಯಲ್ಲಿ ರೈಲು ಬದಲಿಸುವಾಗ ಒಬ್ಬರು ನನ್ನನ್ನು “ಸ್ವಾಮಿ, ಟೈಮೆಷ್ಟು?” ಎಂದು ಕೇಳಿದರು. ಸ್ವಾಮಿ! ಗಡಿಯಾರ ಇಲ್ಲದ ಕೈಯನ್ನು ತೋಳಿನೊಳಗೆ ಎಳೆದುಕೊಂಡು, ಸುಮಾರು ಹತ್ತು ಎಂದೆ. ಪೂನಾ ಬರುವ ಹೊತ್ತಿಗೆ ಕೋಟು ನನ್ನದೇ ಆಗಿಹೋಗಿತ್ತು.

ಬಂದರಿನಲ್ಲಿ ಒಂದು ಉದ್ದನೆಯ ಶೆಡ್ಡು. ಅದರೊಳಗೆ ಹಾಸನದ ಸಂತೆಯ ನಾಲ್ಕರಷ್ಟು ಜನ, ತಗಡಿನ ಪೆಟ್ಟಿಗೆಗಳು, ಹಾಸಿಗೆ ಸುರುಳಿಗಳು, ಅಳುವವರು, ಅಳುವವರನ್ನು ಬೈಯುವವರು. ಶೆಡ್ಡಿನ ಆಚೆ ಹಡಗು. ಅದನ್ನು ಹಡಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು, ಗೋಡೆ ಅಂದುಕೊಂಡಿದ್ದೆ. ಅಕ್ಕನದು ಕೋಣೆಯಿಲ್ಲದ, ಬಯಲು ಡೆಕ್ಕಿನ ಟಿಕೆಟ್ಟು. ಹಾಸಿಗೆ ಬಿಚ್ಚಿದ ಕಡೆಯೇ ಅವಳ ಜಾಗ. ಕಳಿಸಲು ಬಂದವರಿಗೆ ಒಂದು ಪಾಸು ಕೊಡುತ್ತಿದ್ದರು. ಅದಿದ್ದರೆ ಸಾಮಾನು ಹೊತ್ತು ಮೇಲೆ ಹೋಗಿ ಇಟ್ಟು ಬರಬಹುದು. ಆ ಪಾಸು ಏಜೆಂಟರ ಕೋಟಿನ ಎಡಜೇಬಿನಲ್ಲಿ ಇತ್ತು.

ಅಕ್ಕ ಸಿಡುಬಿನ ಚುಚ್ಚುಮದ್ದಿನ ಚೀಟಿ ತೋರಿಸಲು ಸಾಲಿನಲ್ಲಿ ನಿಂತಳು. ಅಷ್ಟರಲ್ಲಿ ಒಂದೊಂದೇ ಏರಿಸೋಣವೆಂದು ನಾನು ಮೇಲುಕಲ್ಲಿನ ಗಂಟನ್ನು ಭುಜಕ್ಕೆ ಎತ್ತಿ ಎರಡು ಹೆಜ್ಜೆ ಇಟ್ಟೆ. ಬಿಳಿ ಟೋಪಿಯ ಒಬ್ಬ ಯಜಮಾನರು ಹೆಂಡತಿ ಮಕ್ಕಳ ನಡುವೆ ನಿಂತಿದ್ದವರು ನನ್ನ ಕಡೆ ಚಿಟಿಕೆ ಹೊಡೆದರು. “ಏ ಕೂಲಿ!” ಎಂದು ತಮ್ಮ ಪೆಟ್ಟಿಗೆ ತೋರಿಸಿದರು.

ಹಾಸನದ ಸ್ಟ್ಯಾಂಡಿನಲ್ಲಿ ದಿನಕ್ಕೆ ಎಷ್ಟೋ ಸಲ ಆ ಕೂಗು ಕೇಳಿ “ಬಂದೆ ಸಾ” ಎಂದು ಓಡಿದವನು ನಾನು. ಅಲ್ಲಿ ಅದು ನನ್ನ ಹೆಸರಿನಷ್ಟೇ ಸಹಜ. ಆದರೆ ಅವತ್ತು ಮೈಮೇಲೆ ಕೋಟಿತ್ತು. ಎರಡು ದಿನ ಸ್ವಾಮಿಯಾಗಿದ್ದವನು ಒಂದು ಚಿಟಿಕೆಗೆ ಮತ್ತೆ ಕ್ಲೀನರ್ ಆಗಿಬಿಟ್ಟೆ. ಗಂಟನ್ನು ನೆಲಕ್ಕಿಳಿಸಿ, ಭುಜದ ಧೂಳು ಒದರಿ, ಕೈ ಹಿಂದೆ ಕಟ್ಟಿ ನಿಂತೆ.

ಅಕ್ಕ ಬಂದಳು. “ಯಾಕ್ಲಾ, ಇನ್ನೂ ಇಲ್ಲೇ ಅವೆ?”

“ಬ್ಯಾರೆಯೋರು ಒರಂಗಿಲ್ವಂತೆ ಕಣಕ್ಕ. ಅವರವರ ಸಾಮಾನು ಅವರವರೇ ಹತ್ತಿಸ್ಬೇಕಂತೆ. ರೂಲ್ಸು.”

“ಯಾರಂದ್ರು?”

“ಅಗೋ, ಆ ಟೋಪಿಯೋರು.”

ಅವಳು ಟೋಪಿಯವರನ್ನು ನೋಡಿದಳು. ಅವರ ಪೆಟ್ಟಿಗೆಯನ್ನು ಅಷ್ಟರಲ್ಲಿ ಒಬ್ಬ ಕೂಲಿ ತಲೆಗೆ ಏರಿಸುತ್ತಿದ್ದ. ಅಕ್ಕ ನನ್ನ ಮುಖ ನೋಡಿದಳು, ಕೋಟು ನೋಡಿದಳು. “ರೂಲ್ಸಾದ್ರೆ ಆಯ್ತು ಬುಡು” ಎಂದು ಸೆರಗು ಸುತ್ತಿ ಸಿಂಬೆ ಮಾಡಿ ತನ್ನ ತಗಡಿನ ಪೆಟ್ಟಿಗೆಗೆ ಕೈ ಹಾಕಿದಳು. ಅದನ್ನು ಅವಳ ತಲೆಗೆ ಏರಿಸಲು ಮಾತ್ರ ಒಂದು ಕೈ ಕೊಟ್ಟೆ. ಹೊರುವುದಕ್ಕೆ ಮಾತ್ರ ರೂಲ್ಸು, ಎತ್ತಿಕೊಡುವುದಕ್ಕಲ್ಲ ಎಂದು ನನ್ನ ಮನಸ್ಸು ಆಗಲೇ ಕಾನೂನು ತಿದ್ದಿಕೊಂಡಿತ್ತು.

ಹಡಗಿಗೆ ಹಾಕಿದ್ದ ಏಣಿ ಕಡಿದಾಗಿದ್ದು, ಜನ ಹತ್ತಿದಂತೆ ಅಲುಗುತ್ತಿತ್ತು. ಮೊದಲ ಸಲ ಪೆಟ್ಟಿಗೆ. ಎರಡನೇ ಸಲ ಹಾಸಿಗೆ ಸುರುಳಿ ತಲೆಯ ಮೇಲೆ, ಕೆಳಗಿನ ಕಲ್ಲಿನ ಗಂಟು ಸೊಂಟದ ಮೇಲೆ. ನಡುವೆ ಒಂದು ಕಡೆ ನಿಂತು ಉಸಿರು ಬಿಟ್ಟಳು. ಹಿಂದಿನವರು ಬೈದರು. ನಾನು ಕೆಳಗಿನಿಂದ “ನಿಧಾನ ಅಕ್ಕ!” ಎಂದು ಕೂಗಿದೆ. ಅಷ್ಟು ಸಹಾಯ ಮಾಡಿದೆ.

ಮೂರನೇ ಸಲ ಇಳಿಯಲು ಬಂದವಳನ್ನು ಏಣಿಯ ತಲೆಯಲ್ಲಿ ನಿಂತ ಹಡಗಿನ ಖಲಾಸಿ ತಡೆದ. ಹೊತ್ತಾಗಿತ್ತು. ಅವಳು ಕೈ ಬಾಯಿ ಮಾಡಿ ಕೆಳಗೆ ತೋರಿಸಿದಳು, ಅವನು ತಲೆ ಅಲ್ಲಾಡಿಸಿದ. ಆಗಲೂ ಪಾಸು ತೋರಿಸಿ ಓಡಿದ್ದರೆ ಮುಟ್ಟಿಸಬಹುದಿತ್ತೇನೋ. ಓಡಿದ್ದರೆ ರೂಲ್ಸು ಸುಳ್ಳಾಗುತ್ತಿತ್ತು. ಕಟಕಟೆಗೆ ಬಗ್ಗಿ ಅಕ್ಕ ಕೂಗಿದಳು: “ಮೇಲುಕಲ್ಲು ಮನೇಲಿ ಜ್ವಾಪಾನ ಕಣ್ಲಾ! ಯಾರಾದ್ರೂ ಬರೋರಿದ್ರೆ ಕಳ್ಸು! ಅವ್ವಂಗೆ ಯೋಳು!”

ಅವ್ವನಿಗೆ ಏನೆಂದು ಹೇಳುವುದು? ಬೀಸುವ ಕಲ್ಲಿನ ಅರ್ಧವನ್ನು ವಾಪಸು ತಂದರೆ, ಉಳಿದದ್ದನ್ನು ಯಾರು ಹೊತ್ತರು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಗಂಟನ್ನು ರೈಲ್ವೆ ಸ್ಟೇಷನ್ ತನಕ ಹೊತ್ತೆ. ಕೋಟನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ ಎಂದು ಹೇಳಬೇಕಾಗಿಲ್ಲ. ಅಲ್ಲಿ ಒಂದು ಬೆಂಚಿನ ಕೆಳಗೆ ಗಂಟನ್ನು ನೂಕಿ, ಕೋಟು ತೊಟ್ಟು ರೈಲು ಹತ್ತಿದೆ.

ಮನೆಗೆ ಬಂದು “ಅವಳು ಮಲಗೋ ಜಾಗದ ತಾವ್ಲೇ ಇಟ್ಟು ಬಂದೆ ಕಣವ್ವ” ಎಂದೆ. ಅವ್ವ ನನಗೆ ಎರಡು ಮುದ್ದೆ ಹೆಚ್ಚು ಹಾಕಿದಳು.

ಬಸ್ಸಿನಲ್ಲಂತೂ ನಾನು ದೊಡ್ಡ ಮನುಷ್ಯನಾದೆ. ಸಾಲಗಾಮೆಯಿಂದ ಬರುವವರು, ಕಟ್ಟಾಯಕ್ಕೆ ಹೋಗುವವರು ಎಲ್ಲ ಹಡಗಿನ ಒಳಗೆ ಹೇಗಿರುತ್ತದೆಂದು ಕೇಳುತ್ತಿದ್ದರು. ನಾನು ಕಾಲಿಡದ ಹಡಗಿನಲ್ಲಿ ಮೂರು ಅಂತಸ್ತು, ಒಂದು ಹಜಾರ, ಒಂದೇ ಸಲಕ್ಕೆ ಪಲ್ಲ ಅಕ್ಕಿ ಬೇಯಿಸುವ ಹಂಡೆ ಇದ್ದವು. “ಕಲ್ಲು ಒತ್ಕಂಡು ಅಷ್ಟೂ ಮೆಟ್ಲು ಹತ್ತಿದ್ಯಾ?” ಎಂದು ಒಬ್ಬ ಮುದುಕ ಕೇಳಿದ. “ಅಕ್ಕನ ಕೆಲ್ಸ ತಾನೆ ತಾತ” ಎಂದೆ. ಅವನು ತನ್ನ ಮಗನ ಕಡೆ ತಿರುಗಿ, “ಕೇಳುಸ್ಕಂಡ್ಯಾ? ತಮ್ಮ ಅಂದ್ರೆ ಇಂಗಿರ್ಬೇಕು” ಎಂದ.

ಅಕ್ಕನ ಮೊದಲ ಕಾಗದ ಬಂತು. ಅವಳು ಬರೆದದ್ದು ಹೀಗಿತ್ತು: ಮೇಲುಕಲ್ಲು ಇಲ್ಲದೆ ಬೀಸಲಾಗುತ್ತಿಲ್ಲ, ಬರುವವರು ಸಿಕ್ಕರೆ ಕಳಿಸಿ. ನಾನು ಓದಿದ್ದು ಹೀಗೆ: ಕಲ್ಲು ಚೆನ್ನಾಗಿ ಬೀಸುತ್ತದೆ, ದಿನಾ ಅವ್ವನ ನೆನಪಾಗುತ್ತದೆ. ಅವ್ವ ಅದನ್ನು ಇನ್ನೊಂದು ಸಲ ಓದಿಸಿ ಕೇಳಿದಳು. ಎರಡನೇ ಸಲಕ್ಕೆ ಪದ ಆಚೀಚೆ ಆಗಬಾರದೆಂದು ನಾನು ಪಟ್ಟ ಪಾಡನ್ನು ನಾಲ್ಕನೇ ಕ್ಲಾಸಿನ ಪರೀಕ್ಷೆಯಲ್ಲೂ ಪಟ್ಟಿರಲಿಲ್ಲ. ಉತ್ತರ ಬರೆಯುವವನೂ ನಾನೇ. ಕಳಿಸಲು ಯಾರೂ ಸಿಕ್ಕಿಲ್ಲ ಎಂದು ಅಕ್ಕನಿಗೆ ಬರೆದೆ. ನಾಲ್ಕು ವರ್ಷ ಇದು ನಡೆಯಿತು.

ಆಮೇಲೆ ಭಾವನ ದಾಯಾದಿಯೊಬ್ಬರು ಅಲ್ಲಿನ ಕೆಲಸ ಬಿಟ್ಟು ಅರಕಲಗೂಡಿಗೆ ವಾಪಸಾದವರು, ಅಕ್ಕ ಕಳಿಸಿದ ಲವಂಗದ ಡಬ್ಬಿ ಕೊಡಲು ನಮ್ಮ ಮನೆಗೆ ಬಂದರು. ಅವ್ವ ಕಾಫಿ ಕೊಟ್ಟು ಮೊದಲು ಕೇಳಿದ್ದೇ, “ಕಲ್ಲು ಎಂಗೆ ಬೀಸ್ತದಪ್ಪ?”

“ಯಾವ ಕಲ್ಲಮ್ಮ? ಮೇಲುಕಲ್ಲೇ ಇಲ್ವಲ್ಲ. ಕೆಳಗಿಂದೊಂದನ್ನ ಬಾಗಿಲು ಗಾಳಿಗೆ ಬಡೀದಂಗೆ ಒತ್ತಿಟ್ಟವ್ರೆ.”

ಅವ್ವ ನನ್ನ ಕಡೆ ನೋಡಿದಳು. ಎಲ್ಲವನ್ನೂ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಹೇಳಿದ್ದು, “ಅಲ್ಲಿ ಒಡೆದಾಕವಳೋ ಏನೋ.”

ಅಲ್ಲಿಂದ ಮುಂದೆ ಅಕ್ಕನ ಕಾಗದ ಬಂದರೆ ಅವ್ವ ಗೂಡಿನ ಕಡೆ ಕೈ ತೋರಿಸುತ್ತಿದ್ದಳು. “ಅಲ್ಲಿಕ್ಕು. ಓದ್ಬ್ಯಾಡ.” ನನ್ನವ್ವ ಕೊಟ್ಟಿದ್ದು, ಬಾಗಿಲಿಗೆ ಒತ್ತಿಟ್ಟವಳೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಕಾಗದವನ್ನು ತಿದ್ದಿ ಓದುವ ಕಷ್ಟ ತಪ್ಪಿತೆಂದು ನನಗೆ ಒಳಗೊಳಗೇ ಹಗುರಾಯಿತು. ಆ ಹಗುರವನ್ನು ನೆನೆಸಿಕೊಂಡರೆ ಇವತ್ತಿಗೂ ಮುಖ ಎತ್ತಲಾಗುವುದಿಲ್ಲ.

ಎರಡು ವರ್ಷದ ಮೇಲೆ ಅವ್ವ ಹಾಸಿಗೆ ಹಿಡಿದಳು. ಅಕ್ಕನಿಗೆ ತಂತಿ ಕೊಡಲಾ ಎಂದು ಕೇಳಿದೆ. “ಕಲ್ಲೇ ಬ್ಯಾಡಾದೋಳಿಗೆ ತಾಯಿ ಯಾತಕ್ಕೆ?” ಎಂದು ಗೋಡೆಯ ಕಡೆ ತಿರುಗಿದಳು. ನಾನು ಅವಳ ಕಾಲ ಬಳಿ ಕೂತಿದ್ದೆ. ಹೇಳಬೇಕಾದ ಮಾತು ನಾಲಿಗೆ ತನಕ ಬಂತು. ಹುಷಾರಾಗಲಿ, ಆಮೇಲೆ ಹೇಳೋಣ ಅಂದುಕೊಂಡೆ. ಅವ್ವ ಹುಷಾರಾಗಲಿಲ್ಲ.

ಅಕ್ಕ ಬಂದದ್ದು ಅದರ ಮರುವರ್ಷ, ಅರವತ್ತರ ದಶಕ ನಡೆಯುತ್ತಿತ್ತು. ನಾನು ಅಷ್ಟರಲ್ಲಿ ಕಂಡಕ್ಟರ್ ಆಗಿದ್ದೆ. ರಜ ಹಾಕಿ ಹಾಸನಕ್ಕೆ ಹೋಗಿ ಕಾದೆ. ಅವಳ ತಲೆ ಅಲ್ಲಲ್ಲಿ ನರೆತಿತ್ತು, ಮಾತು ಮಾತ್ರ ಹಾಗೇ. ಹೊಳೆನರಸೀಪುರದ ಬಸ್ಸಿನಲ್ಲಿ ಕೂತೆವು. ಡ್ರೈವರ್ ಇನ್ನೂ ತಿಂಡಿಗೆ ಹೋಗಿದ್ದ. ಅವ್ವನ ಕೊನೆಯ ದಿನಗಳನ್ನು ಕೇಳಿದಳು, ಅತ್ತಳು, ಮೂಗು ಒರೆಸಿಕೊಂಡಳು. ಆಮೇಲೆ, “ಈ ಸಲ ಆ ಮೇಲುಕಲ್ಲು ತಗಂಡೋಯ್ತೀನಿ ಕಣ್ಲಾ. ಅವ್ವನ ಕೈಯಿಂದ ಇಸ್ಕಬೇಕು ಅಂತಿದ್ದೆ. ಎಲ್ಲಿಕ್ಕಿದೀಯ?” ಎಂದಳು.

ನಾನು ಕಿಟಕಿಯ ಆಚೆ ಡ್ರೈವರನ್ನು ಹುಡುಕುವವನಂತೆ ನೋಡಿದೆ.

“ರೂಲ್ಸು ಅಂದಿದ್ದು ಸುಳ್ಳು ಅಂತ ಆವತ್ತೇ ಗೊತ್ತಾಯ್ತು ಬುಡು. ಮ್ಯಾಲೆ ಓಗಿ ನೋಡಿದ್ರೆ ಎಲ್ಲಾರ ಅಣ್ಣತಮ್ಮಂದಿರೂ ಒತ್ಕಂಡು ಬತ್ತಾವ್ರೆ! ಕೋಟಾಕ್ಕಂಡು ನಾಚ್ಕಂಡವನೆ ಅಂತ ಒಬ್ಬಳೇ ನಕ್ಕೆ. ಅದಕ್ಕೆ ಯಾಕ್ಲಾ ಮುಖ ಸಣ್ಣ ಮಾಡ್ಕತೀಯ?” ನನ್ನ ಕಡೆ ತಿರುಗಿ ಕೇಳಿದಳು, “ಅವ್ವ ಯಾಕ್ಲಾ ಎರಡು ವರ್ಷ ಒಂದು ಮಾತೂ ಬರೆಸ್ಲಿಲ್ಲ?”

ಹೊರದೆ ಹೋದದ್ದನ್ನು ಅವಳು ಯಾವತ್ತೋ ಮಾಫಿ ಮಾಡಿದ್ದಳು. ಕೇಳುತ್ತಿದ್ದದ್ದು ಇನ್ನೊಂದನ್ನು. ಕಾಗದ ಸರಿಯಾಗಿ ತಲುಪುತ್ತಿರಲಿಲ್ಲ ಎಂಬ ಉತ್ತರವನ್ನು ನಾನು ಮನೆಯಿಂದಲೇ ಮಾಡಿಕೊಂಡು ಬಂದಿದ್ದೆ. ಅದು ಚೆನ್ನಾಗಿಯೂ ಇತ್ತು. ಬಾಯಿ ತೆರೆದೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ ಬಂದದ್ದು ಬೇರೆ ಮಾತು.

“ಅಕ್ಕ, ಮೇಲುಕಲ್ಲು ಮನೇಲಿಲ್ಲ. ಬೊಂಬಾಯಿ ಸ್ಟೇಷನ್ನಿನ ಬೆಂಚಿನ ಕೆಳ್ಗೆ ಬುಟ್ಟು ಬಂದೆ. ನೀನೇ ಒಡೆದಾಕ್ದೆ ಅಂತ ಅವ್ವಂಗೆ ಅಂದೋನು ನಾನು. ಅವ್ವ ಅದನ್ನೇ ನಂಬ್ಕಂಡು, ನಿನ್ನ ಮ್ಯಾಲೆ ಮುನಿಸ್ಕಂಡೇ ಓಗ್ಬುಟ್ಲು. ನಿಂದೇನೂ ಇರ್ಲಿಲ್ಲ, ಎಲ್ಲಾ ನಂದೇ. ತಪ್ಪಾಯ್ತು ಕಣಕ್ಕ. ನಿಂಗೂ ಮಾಡ್ದೆ, ಅವ್ವಂಗೂ ಮಾಡ್ದೆ. ತಪ್ಪಾಯ್ತು.”