ದೇವರಿಲ್ಲದ ಗುಡ್ಡದ ಕಾಕು

ಕಾಕುವಿನ ಮೂಗು ಉದ್ದ, ತುದಿಯಲ್ಲಿ ತುಸು ಎಡಕ್ಕೆ ಹೊರಳಿತ್ತು. ಕೈಗೆ ಏನೇ ಕೊಟ್ಟರೂ ಅದು ಮೊದಲು ಆ ಮೂಗಿನ ಹತ್ತಿರ ಹೋಗಿಬರಬೇಕು. ಹಾಲು, ಹಿಟ್ಟು ಮೂಸುವುದು ಸರಿ; ಅಂಚೆಯವನು ಕೊಟ್ಟ ಪತ್ರವನ್ನೂ ಒಡೆಯುವ ಮುಂಚೆ ಮೂಸುತ್ತಿದ್ದರು. ಸತ್ಯನಾರಾಯಣ ಪೂಜೆಯ ಪ್ರಸಾದವನ್ನೂ ಬಿಡುತ್ತಿರಲಿಲ್ಲ. "ದೇವರ ಮ್ಯಾಲೆ ಸಂಶಯ ಇಲ್ಲವ್ವಾ, ತುಪ್ಪದ ಮ್ಯಾಲೆ" ಎನ್ನುತ್ತಿದ್ದರು. ಮಾಸಿದ ಹತ್ತಿ ಸೀರೆಯ ಕಚ್ಚೆಯ ಕೆಳಗೆ, ತೀರಿಹೋದ ಗಂಡನ ಕರಿ ಬೂಟು. ಅದು ದೊಡ್ಡದಾಗಿ ಕಾಲು ಜಾರುತ್ತಿದ್ದುದರಿಂದ ಮುಂದೆ ಚಿಂದಿ ತುರುಕಿರುತ್ತಿದ್ದರು. ಹಲವು ಬಿಡಾರಗಳಿದ್ದ ನಮ್ಮ ವಾಡೆಯ ಕಟ್ಟಿಗೆ ಮೆಟ್ಟಿಲ ಮೇಲೆ ಆ ಬೂಟಿನ ಸಪ್ಪಳ ಕೇಳಿದರೆ ಬೆಳಗಾಯಿತೆಂದು ಅರ್ಥ.

ನಾನು ಧಾರವಾಡದಿಂದ ಮದುವೆಯಾಗಿ ಪುಣೆಯ ಪೇಟೆಯ ಆ ವಾಡೆಗೆ ಬಂದಾಗ ಅಲ್ಲಿ ಕನ್ನಡದ ಮನೆ ಎರಡೇ. ಕೆಳಗೆ ನಾವು, ನನ್ನ ಯಜಮಾನರು ಅರಣ್ಯ ಖಾತೆಯ ಜಂಗಲ್ ಕಚೇರಿಯಲ್ಲಿ ಕಾರಕೂನರು. ಮೇಲೆ, ವಾಡೆಯವರೆಲ್ಲ ಚಿಕ್ಕಮ್ಮನೆಂದು ಕಾಕು ಎನ್ನುತ್ತಿದ್ದ ಈಕೆ, ಬೆಳಗಾವಿ ಕಡೆಯವರು, ಗಂಡ ಖಡಕಿಯಲ್ಲಿ ನೌಕರಿಯಲ್ಲಿದ್ದು ಜ್ವರದಲ್ಲಿ ಹೋಗಿದ್ದರು. ಮಕ್ಕಳಿರಲಿಲ್ಲ.

ಪೇಟೆಗೆಲ್ಲ ಆಕೆಯ ಮೇಲೆ ಸಂಶಯವಿತ್ತು. ಹೆಂಗಸರು ಬೆಳಿಗ್ಗೆ ಎದ್ದು ಪರ್ವತಿ ಗುಡ್ಡದ ಮೆಟ್ಟಿಲು ಹತ್ತಿದರೆ ಯಾರೂ ಏನೂ ಅನ್ನುವುದಿಲ್ಲ, ಮೇಲೆ ದೇವರಿದ್ದಾನೆ. ಕಾಕು ಪರ್ವತಿಯನ್ನು ಬದಿಗೆ ಬಿಟ್ಟು ಅದರ ಹಿಂದೆ, ಧನಕವಡಿ ಹಳ್ಳಿಯ ಕಡೆಗೆ ಇಳಿಯುವ ಬೋಳು ಗುಡ್ಡವನ್ನು ಹತ್ತುತ್ತಿದ್ದರು. ಅಲ್ಲಿ ಗುಡಿ ಇಲ್ಲ, ಬಾವಿ ಇಲ್ಲ, ನೆರಳಿಗೆ ಒಂದು ಮರವೂ ಇಲ್ಲ. ದೇವರಿಲ್ಲದ ಗುಡ್ಡಕ್ಕೆ ವಿಧವೆ ದಿನಾ ಯಾಕೆ ಹೋಗಬೇಕು? ಗಂಡ ಹೂತಿಟ್ಟ ಬಂಗಾರ ಹುಡುಕುತ್ತಾಳೆ ಎಂದರು ಕೆಲವರು. ಚಳವಳಿಯ ಹುಡುಗರಿಗೆ ಸುದ್ದಿ ಮುಟ್ಟಿಸುತ್ತಾಳೆ ಎಂದರು ಇನ್ನು ಕೆಲವರು. ಅಲ್ಲ, ಪೊಲೀಸರಿಗೇ ಸುದ್ದಿ ಮುಟ್ಟಿಸುತ್ತಾಳೆ ಎಂದರು ಉಳಿದವರು. ಒಬ್ಬಳೇ ಹೆಂಗಸು ಎರಡೂ ಕಡೆ ದುಡಿಯುವುದು ಹೇಗೆಂದು ಯಾರೂ ಕೇಳಲಿಲ್ಲ.

ನಾನೂ ನಂಬುವ ಪೈಕಿ ಅಲ್ಲ. ತಕ್ಕಡಿಯನ್ನು ಎರಡು ಸಲ ನೋಡದೆ ಬೆಲ್ಲ ಕೊಳ್ಳದ ತವರು ನನ್ನದು. ಹುಟ್ಟುಗುಣ ಸುಟ್ಟರೂ ಹೋಗದು. ಹಾಗಾಗಿ ಒಂದು ಮುಂಜಾನೆ ಕಾಕು ನಮ್ಮ ಹೊಸ್ತಿಲಲ್ಲಿ ನಿಂತು, "ನಾಳಿಂದ ಗುಡ್ಡಕ್ಕ ಬಾ" ಎಂದಾಗ ನನಗೆ ಮೊದಲು ಬಂದ ವಿಚಾರ, ಯಾರಿಗೂ ಒಂದು ಲೋಟ ಮಜ್ಜಿಗೆ ಕೊಡದ ಈಕೆಗೆ ನನ್ನಿಂದ ಏನು ಬೇಕಾಗಿದೆ ಎಂಬುದು. ಆಗ ನನ್ನ ಚೊಚ್ಚಲ ಕೂಸು ಹೋಗಿ ಒಂದು ಮಳೆಗಾಲ ಕಳೆದಿತ್ತು. ಅನ್ನ ಸೇರುತ್ತಿರಲಿಲ್ಲ. ಎದೆಯ ಮೇಲೆ ಬೀಸುವ ಕಲ್ಲು ಇಟ್ಟ ಹಾಗೆ ಇರುತ್ತಿತ್ತು. ಅತ್ತೆ, "ಹೋಗಿ ಬಾ, ಪರ್ವತಿ ದರ್ಶನನಾದ್ರೂ ಆಗತದ" ಎಂದರು. ಸಂಶಯವಿದ್ದರೂ ಹೋದೆ, ಆ ನಡುಮನೆಯ ಗೋಡೆ ಸಾಕಾಗಿ ಹೋಗಿತ್ತು.

ವಾಡೆ ದಾಟಿದ ಕೂಡಲೇ ಕಾಕು ನಿಂತರು. "ನೀ ಮುಂದ ನಡಿ."

"ನನಗ ದಾರಿ ಗೊತ್ತಿಲ್ರಿ."

"ನಾ ಹೇಳ್ತೀನಿ. ಬೆನ್ನ ಹಿಂದ ಜಂಗಲ್ ಕಚೇರಿ ಇಟ್ಟುಕೊಂಡು ನಡಿಯೋಕಿ ಅಲ್ಲ ನಾ."

ಹೀಗೆ ಕರೆದವರು ಹಿಂದೆ, ಬಂದವಳು ಮುಂದೆ. ಅರ್ಧ ಗುಡ್ಡದಲ್ಲಿ ಏದುಸಿರು ಹತ್ತಿ ಕೂತೆ. ಕೂತವಳಿಗೆ ಅಳು ಬಂತು. ಕೂಸು ಹೋದಾಗ ನಾಲ್ಕು ಜನರ ಮುಂದೆ ಬಾರದ ಅಳು. ಕಾಕು ಸಮಾಧಾನ ಹೇಳಲಿಲ್ಲ. ದೂರ ನೋಡುತ್ತ ನಿಂತು, ಸಾಕೆನಿಸಿದ ಮೇಲೆ, "ಆತೇನು? ಏಳು. ಮ್ಯಾಲೆ ಗಾಳಿ ಅದ" ಎಂದರು. ಮೇಲೆ ನಿಜವಾಗಿಯೂ ಅದೊಂದೇ ಇತ್ತು. ಕೆಳಗೆ ಊರೆಲ್ಲ ಹೆಂಚು, ಹೊಗೆ; ನಮ್ಮ ವಾಡೆ ಎಲ್ಲಿದೆಯೆಂದು ಹುಡುಕಿದರೂ ಸಿಗಲಿಲ್ಲ. ಅದು ಸಿಗದಿದ್ದುದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದರೆ ಹೇಳಲು ನಾಚಿಕೆ. ಆ ದಿನ ಬಹಳ ತಿಂಗಳ ಮೇಲೆ ತುಂಬು ಉಸಿರು ತೆಗೆದುಕೊಂಡೆ.

ಇಳಿಯುವಾಗ ಗುಡ್ಡದ ಬುಡದಲ್ಲಿ ಸುಣ್ಣ ಬಳಿದ ಹೊಸ ಗಡಿಕಲ್ಲುಗಳನ್ನು ತೋರಿಸಿ, ಒಂದನ್ನು ಬೂಟಿನಿಂದ ಒದ್ದರು. "ಇವತ್ತ ಕಲ್ಲು ನೆಟ್ಟವರು ನಾಳೆ ತಂತಿ ಎಳೀತಾರ. ನಿನ್ನ ಗಂಡಗ ಗೊತ್ತಿರಬೇಕು."

ಗೊತ್ತಿತ್ತು. ಆ ಗುಡ್ಡದಲ್ಲಿ ಬೇವು, ಸೀತಾಫಲ ನೆಟ್ಟು ಕಾಯ್ದಿಟ್ಟ ಅಡವಿ ಮಾಡುವ ಏರ್ಪಾಡು ನಡೆದಿತ್ತು. ಯಜಮಾನರು ಅದನ್ನು ಮನಸಾರೆ ನಂಬಿದ್ದರು. ಆಡು, ಕೊಡಲಿ, ಬೆಂಕಿ ಸೇರಿ ಗುಡ್ಡವನ್ನು ಬೋಳಿಸಿವೆ, ಜನರನ್ನು ಹೊರಗಿಟ್ಟರೇ ಗಿಡ ಉಳಿಯುವುದು ಎನ್ನುತ್ತಿದ್ದರು. ಆ ಮಾತನ್ನು ನಾನು ಮೇಲಿನ ಮನೆಗೆ ಮುಟ್ಟಿಸಿದೆ.

"ಗಿಡ ಬ್ಯಾಡ ಅಂದವರ್ಯಾರು?" ಎಂದರು ಕಾಕು. "ನಾವೇನು ಆಡೇನು, ಎಲಿ ತಿನ್ನಾಕ? ಬಾಯಿಗೆ ಬೇಲಿ ಹಾಕಲಿ, ಕಾಲಿಗ್ಯಾಕ?"

ಗಿಡ ನೆಟ್ಟ ಮೇಲೆ ಬೇಸಿಗೆಯಲ್ಲಿ ತಮ್ಮ ತಂಬಿಗೆಯ ಕುಡಿಯುವ ನೀರನ್ನು ದಾರಿ ಬದಿಯ ಸಸಿಗೆ ಹಾಕುತ್ತಿದ್ದರು. ನನಗೆ ಮೆಚ್ಚುಗೆಯಾಗಿ ಏನೋ ಅನ್ನಹೋದರೆ, "ಇದು ಸತ್ರ ತಪ್ಪು ನಮ್ಮ ಕಾಲ ಮ್ಯಾಲೇ ಹಾಕ್ತಾರ" ಎಂದರು.

ತಂತಿ ಬಂತು. ಕಟ್ಟಿಗೆಯ ಗೇಟು ಬಂತು. ಗೇಟಿಗೆ ಒಬ್ಬ ಕಾವಲಿನವನು ಬಂದ. ಪಿಂಚಣಿಯ ಸಿಪಾಯಿ, ಮರ್ಯಾದಸ್ಥ. ನಮ್ಮನ್ನು ಕಂಡ ಕೂಡಲೇ ಎದ್ದುನಿಂತು, "ಯಾ ಬಾಯಿ, ಯಾ" ಎಂದು, ಅಂದರೆ ಬನ್ನಿ ತಾಯಿ ಬನ್ನಿ ಎಂದು, ಮರಾಠಿಯಲ್ಲಿ ಬರಮಾಡಿಕೊಳ್ಳುತ್ತಿದ್ದ. ಅವನು ಹಾಗೆ ಕರೆದೊಡನೆ ಕಾಕು ನಿಂತುಬಿಡುತ್ತಿದ್ದರು. ಮುಖ ಮೇಲೆ ಮಾಡಿ ಆಕಾಶ ನೋಡುವರು. ಅವನು ಬೇಸತ್ತು ಬೀಡಿ ಹಚ್ಚಲು ಆಚೆ ತಿರುಗಿದ ಮೇಲೆ ಬೂಟಿನ ತುದಿಯಿಂದ ಗೇಟು ನೂಕಿ ಒಳಗೆ ಹೋಗುವರು. ಒಳ್ಳೆಯ ಮಾತಿಗೆ ಹೀಗೆ ಮಾಡುವುದೇ ಎಂದು ಕೇಳಿದೆ.

"ಅವ ಬಾ ಅಂದಮ್ಯಾಲೆ ಹೋದ್ರ ಅವ ಕರದಂಗಾತು. ಇವತ್ತ ಬಾ ಅನ್ನೋ ಬಾಯಿ ನಾಳೆ ಬ್ಯಾಡ ಅಂತೂ ಅಂತದ."

ಆ ಸಿಪಾಯಿ ತನ್ನ ಜಾತಿ ನೋಡಿ ಹೀಗೆ ಮಾಡುತ್ತಾರೆಂದು ಬಹಳ ದಿನ ನೊಂದುಕೊಂಡಿದ್ದ.

ಇಬ್ಬರಿಂದ ದಾರಿ ಆಗುವುದಿಲ್ಲ ಎಂದು ಕಾಕು ಪೇಟೆಯ ಮನೆ ಮನೆಗೆ ಹೋಗತೊಡಗಿದರು. ಕೆಮ್ಮಿನವರು, ಬಾಣಂತನ ಮುಗಿಸಿದವರು, ಅತ್ತೆಯ ಕಾಟದವರು, ಯಾರನ್ನೂ ಬಿಡಲಿಲ್ಲ. "ನಿಮ್ಮ ಗಂಡಸರಿಗೆ ಕ್ಲಬ್ಬು ಅವ, ಕಟ್ಟಿ ಅವ. ನಮಗ ಈ ಗುಡ್ಡ" ಎಂದು ಮರಾಠಿಯಲ್ಲಿ ವಾದಿಸುತ್ತಿದ್ದರು. ಒಬ್ಬೊಬ್ಬರಾಗಿ ಬಂದರು. ಮನೆಯಲ್ಲಿ ಪರ್ವತಿಗೆ ಎಂದು ಹೇಳಿ ಬರುತ್ತಿದ್ದರು. ಸುಳ್ಳಾಗಬಾರದೆಂದು ಪರ್ವತಿಯ ಬುಡದಲ್ಲಿ ನಿಂತು ಮೇಲಕ್ಕೊಂದು ಕೈಮುಗಿದು ನಮ್ಮ ಹಿಂದೆ ಓಡಿ ಬರುವರು. ಗುಡ್ಡದ ಮೇಲೆ ಕೂತು ಜೋರಾಗಿ ನಗುತ್ತಿದ್ದೆವು. ಕೆಲವರ ನಗೆಯನ್ನು ನಾನು ಕೇಳಿದ್ದೇ ಅಲ್ಲಿ.

ಆಗ ಜಂಗಲ್ ಕಚೇರಿಗೆ ಹೊಸ ಸಾಹೇಬರು ಬಂದರು. ಸಜ್ಜನ. ಹೆಂಗಸರ ತಂಡದ ಸುದ್ದಿ ಕೇಳಿ, ತೊಂದರೆಯಾಗಬಾರದೆಂದು ಎಲ್ಲರಿಗೂ ಗುಡ್ಡ ಹತ್ತಲು ಬಿಟ್ಟಿ ಪಾಸು ಮಾಡಿಸಿದರು. ಗಟ್ಟಿ ಕಾಗದ, ಅಚ್ಚಿನ ಅಕ್ಷರ, ಮೇಲೆ ಅವರವರ ಹೆಸರು. ಮದುವೆಯ ಕರೆಯೋಲೆಯಲ್ಲಿ ಬಿಟ್ಟು ಬೇರೆಲ್ಲೂ ತಮ್ಮ ಹೆಸರು ಕಾಣದ ಹೆಂಗಸರು ಅದನ್ನು ಕಣ್ಣಿಗೊತ್ತಿಕೊಂಡರು. ಕಾಕುವಿನ ಪಾಸನ್ನು ಸಿಪಾಯಿಯೇ ಕೊಟ್ಟ. ಅವರು ಎರಡೂ ಮಗ್ಗಲು ಮೂಸಿ ತಿರುಗಿ ಕೊಟ್ಟರು.

"ತೊಗೊಂಡ್ರ ಕೇಳಿ ಬಂದಂಗಾತು. ಕೇಳಿ ಬಂದವರನ್ನ ಹೊರಗ ಹಾಕೋದು ಸುಲಭ."

ಹೆಂಗಸರು ಸಿಟ್ಟಾದರು. ಒಳ್ಳೆಯದು ಮಾಡಿದರೂ ಈಕೆಗೆ ಸಂಶಯ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದರು. ಅವರು ಬೇರೆ ತಂಡವಾದರು. ಪಾಸು ತೋರಿಸಿ ಮೊದಲು ಒಳಗೆ ಹೋಗುವರು. ಪಾಸಿಲ್ಲದವರನ್ನು ಬಿಡಬೇಡ ಎಂದು ಸಿಪಾಯಿಗೆ ಹುಕುಂ ಬಂತು. ಪುಣ್ಯಾತ್ಮ, ಕಾಕು ದೂರದಲ್ಲಿ ಕಂಡರೆ ತಾನಾಗಿ ಬೆನ್ನು ತಿರುಗಿಸಿ ತಲೆಯ ಪಟಗಾ ಬಿಚ್ಚಿ ಕಟ್ಟಿಕೊಳ್ಳತೊಡಗಿದ.

ನನ್ನ ಪಾಸನ್ನು ಯಜಮಾನರೇ ಮನೆಗೆ ತಂದು ಗೋಡೆಯ ಗೂಡಿನಲ್ಲಿಟ್ಟರು. "ಸಾಹೇಬರು ಖುದ್ದ ನಿನಗಂತ ಕೊಟ್ಟಾರ." ಕಾರಕೂನನ ಹೆಂಡತಿಗೆ ಸಾಹೇಬರು ಖುದ್ದಾಗಿ ಯಾಕೆ ಕೊಡಬೇಕು? ನನ್ನ ತವರಿನ ಬುದ್ಧಿ ಎದ್ದಿತು. ಬೇಡವೆನ್ನಲಿಲ್ಲ, ಮುಟ್ಟಲೂ ಇಲ್ಲ. ಗೂಡು ಒರೆಸುವಾಗ ಅದರ ಸುತ್ತ ಒರೆಸಿದೆ. ಗುಡ್ಡಕ್ಕೆ ಕಾಕುವಿನ ಜೊತೆಗೇ ಹೋಗುತ್ತಿದ್ದೆ.

ಮುಂದೆ ಪೇಟೆಯಲ್ಲಿ ಡಂಗುರ ಹೊಡೆಸಿದರು. ಗುಡ್ಡ ಕಾಯ್ದಿಟ್ಟ ಅಡವಿಯಾಗಲಿದೆ. ಅದರಲ್ಲಿ ಯಾರಿಗಾದರೂ ಹಕ್ಕು ಇದ್ದರೆ ಚಾವಡಿಗೆ ಬಂದು, ವಿಚಾರಣೆಗೆ ಬರುವ ಚೌಕಶಿ ಸಾಹೇಬರ ಮುಂದೆ ಹೇಳಬೇಕು, ಹೇಳದ ಹಕ್ಕು ಹೋದಂತೆಯೇ. ಪಾಸಿನವರೂ ದಿಗಿಲಾಗಿ ಕಾಕುವಿನ ಹತ್ತಿರ ಓಡಿ ಬಂದರು. ಅವರಲ್ಲೊಬ್ಬಳು ಜಾಣೆ ಒಂದು ಉಪಾಯ ಹೇಳಿದಳು. ಮೇಲೊಂದು ಕಲ್ಲಿಗೆ ಕುಂಕುಮ ಹಚ್ಚಿಬಿಡೋಣ. ದೇವರ ದಾರಿಯನ್ನು ಸರ್ಕಾರ ಮುಚ್ಚುವುದಿಲ್ಲ.

ಕಾಕು ಒಪ್ಪಲಿಲ್ಲ. "ದೇವರನ್ನ ಸುಳ್ಳು ಸಾಕ್ಷಿಗೆ ಕರೀಬ್ಯಾಡ್ರಿ. ಮ್ಯಾಲೆ ನಾಳೆ ಪೂಜಾರಿ ಬರ್ತಾನ, ಅವನೂ ಒಂದು ಗೇಟು ಹಾಕ್ತಾನ."

ಚಾವಡಿಯಲ್ಲಿ ಕುರಿಯವರು ಹುಲ್ಲು ಕೇಳಿದರು, ಧನಕವಡಿಯವರು ಒಣಕಟ್ಟಿಗೆ ಕೇಳಿದರು. ಕಾಕುವಿನ ಸರದಿ ಬಂತು. ಚೌಕಶಿ ಸಾಹೇಬರು ಮರಾಠಿಯಲ್ಲಿ, "ನಿಮ್ಮ ಹಕ್ಕು ಯಾವುದು?" ಎಂದರು.

"ನಡಿಯೋದು."

"ಎಲ್ಲಿಗೆ?"

"ಮ್ಯಾಲೆ."

"ಮೇಲೆ ಏನಿದೆ?"

"ಗಾಳಿ ಅದರಿ."

ಸಾಹೇಬರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. "ಯಾರ ಅಪ್ಪಣೆಯಿಂದ ಹೋಗುತ್ತೀರಿ?"

"ಯಾರ ಅಪ್ಪಣಿನೂ ಇಲ್ಲ. ಗಂಡ ಇದ್ದಾಗಿಂದ ಹೊಂಟೀನಿ, ಯಾರನ್ನೂ ಕೇಳಿಲ್ಲ."

ಕಚೇರಿಯಲ್ಲಿ ನಿಂತು ಹಾಗೆ ಹೇಳುವುದು ಕಳ್ಳತನ ಒಪ್ಪಿಕೊಂಡ ಹಾಗಿತ್ತು. ಪಾಸಿನ ಹೆಂಗಸರು ಎದ್ದುನಿಂತು ತಾವೂ ಹೋಗುತ್ತೇವೆ ಎಂದು ಹೆಮ್ಮೆಯಿಂದ ಪಾಸು ತೋರಿಸಿದರು. ಸಾಹೇಬರು, "ಹಾಗಾದರೆ ನೀವು ಅಪ್ಪಣೆ ಪಡೆದು ಹೋದವರು. ಅದು ಹಕ್ಕಲ್ಲ" ಎಂದು ಬರೆಸಿ ಕೂಡ್ರಿಸಿದರು. ಆಗ ಅವರಿಗೆ ಪಾಸಿನ ಅರ್ಥವಾಯಿತು. ಪಾಸು ಕೊಟ್ಟ ಸಜ್ಜನರು ಇದನ್ನು ಮೊದಲೇ ತಿಳಿದು ಕೊಟ್ಟರೋ ಹೇಗೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಯಜಮಾನರು ಆಣೆ ಮಾಡಿ ಇಲ್ಲವೆನ್ನುತ್ತಿದ್ದರು.

"ಅಪ್ಪಣೆಯಿಲ್ಲದೆ ಹೋದವರು ಇವರೊಬ್ಬರೇ ಏನು?" ಎಂದು ಸಾಹೇಬರು ಕೇಳಿದರು. "ಒಬ್ಬರು ನಡೆದರೆ ಅದು ಜನರ ದಾರಿ ಆಗುವುದಿಲ್ಲ."

ಕಾಕು ಹೊರಳಿ ನನ್ನನ್ನು ನೋಡಿದರು. ಸಾಹೇಬರ ಪಕ್ಕದಲ್ಲೇ, ಜಂಗಲ್ ಕಚೇರಿಯ ಕಡತ ಹಿಡಿದು ನನ್ನ ಯಜಮಾನರು ಕೂತಿದ್ದರು. ಎದ್ದರೆ ಅವರ ನೌಕರಿಗೆ ಕುತ್ತು ಬಂದೀತು. ಕೂತರೆ ನನ್ನ ಉಸಿರು ಮತ್ತೆ ಆ ನಡುಮನೆಯಲ್ಲೇ. ಎದ್ದೆ.

"ನಿಮಗೆ ಪಾಸು ಬಂದಿತ್ತೇ?"

"ಮನೀಗೆ ಬಂದಿತ್ರಿ. ತಂದವರು ಗೂಡಿನ್ಯಾಗ ಇಟ್ಟಾರ, ಅಲ್ಲೇ ಅದ. ನಾ ಕೈ ಹಚ್ಚಿಲ್ಲ."

"ತಂದವರು ಯಾರು?"

ಗಂಡನ ಹೆಸರು ಹೇಳುವುದು ಹೇಗೆ? ಗದ್ದ ಎತ್ತಿ ಸಾಹೇಬರ ಪಕ್ಕಕ್ಕೆ ತೋರಿಸಿದೆ. ಚಾವಡಿಯೆಲ್ಲ ನಕ್ಕಿತು, ಸಾಹೇಬರೂ ನಕ್ಕರು. ಯಜಮಾನರ ತಲೆ ಕಡತದೊಳಗೆ ಇಳಿಯಿತು. ನನ್ನ ಮಾತನ್ನು ಬರೆಸಿಕೊಂಡರು.

ದಾರಿಯಲ್ಲಿ ಬರುತ್ತ ಕಾಕುವಿಗೆ ಬಹಳ ಸಮಾಧಾನವಾಗಿತ್ತು. "ಜಂಗಲ್ ಕಚೇರಿ ಮನಿ ಹೆಂಗಸು ನನ್ನ ಸಲುವಾಗಿ ಸುಳ್ಳು ಹೇಳತಾಳ ಅಂತ ಯಾವ ಸಾಹೇಬನೂ ಸಂಶಯ ಪಡೂದಿಲ್ಲ" ಎಂದರು. ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ಅಂದರೆ ಮೊದಲ ದಿನ ನಮ್ಮ ಹೊಸ್ತಿಲಿಗೆ ಬಂದದ್ದು ನನ್ನ ಸಂಕಟ ನೋಡಿಯೋ, ನನ್ನ ಗಂಡನ ನೌಕರಿ ನೋಡಿಯೋ?

ಯಜಮಾನರು ಕೆಲವು ದಿನ ನನ್ನೊಡನೆ ಮಾತು ಬಿಟ್ಟರು. ಆಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ, "ನನಗ ಒಂದು ಮಾತು ಕೇಳಬೇಕಿತ್ತು ನೀ" ಎಂದರು.

"ಕೇಳಿದ್ರ ಬ್ಯಾಡ ಅಂತಿದ್ರಿ."

ಅವರು ಸಾರು ಹಾಕಿಸಿಕೊಂಡು ಉಣ್ಣತೊಡಗಿದರು. ನೌಕರಿಗೇನೂ ಆಗಲಿಲ್ಲ. ಕೆಲವು ತಿಂಗಳ ಮೇಲೆ ಹುಕುಂ ಬಂತು. ಗುಡ್ಡ ಕಾಯ್ದಿಟ್ಟ ಅಡವಿಯಾಯಿತು. ಆಡು ಬಿಡಬಾರದು, ಕೊಡಲಿ ಒಯ್ಯಬಾರದು. ಆದರೆ ಬುಡದಿಂದ ನೆತ್ತಿಗೆ ಹೋಗುವ ಕಾಲುದಾರಿ ನಡೆಯುವ ಎಲ್ಲರಿಗೂ, ಪಾಸಿಲ್ಲದೆ, ಬಿಟ್ಟದ್ದು. ಪಾಸಿನ ಹೆಂಗಸರು ಸಕ್ಕರೆ ಹಂಚಿದರು. ಕಾಕು ಸಕ್ಕರೆ ಮೂಸಿ ಬಾಯಿಗೆ ಹಾಕಿಕೊಂಡು, "ಹುಕುಂ ಬರದ ಕೈ ಅಳಸಾಕೂ ಬರತದ. ನಾಳೆ ಎಲ್ಲಾರೂ ಬರ್ರಿ" ಎಂದರು. ಸಾಕ್ಷಿ ಹೇಳಿದ ಮೇಲೂ ಗುಡ್ಡದಲ್ಲಿ ನಾನೇ ಮುಂದೆ ನಡೆಯಬೇಕಿತ್ತು.

ಯುದ್ಧ ಮುಗಿಯಿತು, ಸ್ವರಾಜ್ಯ ಇವತ್ತೋ ನಾಳೆಯೋ ಎನ್ನುವ ಬೇಸಿಗೆಯಲ್ಲಿ ಕಾಕು ಹಾಸಿಗೆ ಹಿಡಿದರು. ನಮ್ಮವರು ಬಂದರೆ ಆ ಗೇಟನ್ನೇ ಕಿತ್ತು ಹಾಕುತ್ತಾರೆ ಎಂದು ನಾನು ಸಮಾಧಾನಕ್ಕೆ ಹೇಳಿದೆ. "ನಮ್ಮವರ ಗೇಟು ಇನ್ನೂ ಬಿಗಿ ಇರತದ. ಅವರಿಗೆ ಇಲ್ಲ ಅನ್ನಾಕ ನಮಗ ನಾಚಿಕಿ" ಎಂದರು.

ಇನ್ನು ಹೆಚ್ಚು ದಿನವಿಲ್ಲ ಎನಿಸಿದಾಗ, ಗಂಜಿ ಕಲಸುತ್ತ ಕೇಳಿಯೇಬಿಟ್ಟೆ. "ಕಾಕೂ, ಖರೇ ಹೇಳ್ರಿ. ಸಾಕ್ಷಿಗೆ ಬೇಕು ಅಂತ ನನ್ನ ಕರದ್ರೇನು?"

"ಹೌದು" ಎಂದರು, ಒಂದು ಗಳಿಗೆಯೂ ತಡೆಯದೆ. "ಕಲ್ಲು ನೆಟ್ಟಿದ್ದು ನೋಡಿ ಕರದೆ. ಮತ್ತ್ಯಾತಕ್ಕ ಕರೀಲಿ?"

ನನಗೆ ದುಃಖವಾಯಿತು. ಗಂಜಿಯ ಬಟ್ಟಲು ಮುಂದೆ ಹಿಡಿದೆ. ಅವರು ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೇರವಾಗಿ ತುಟಿಗಿಟ್ಟು ಕುಡಿದರು. ಮೂಸಲಿಲ್ಲ. ಕುಡಿದು ಬಟ್ಟಲು ಕೊಟ್ಟು ಗೋಡೆಯ ಕಡೆ ಹೊರಳಿದರು. ಜ್ವರಕ್ಕೆ ಮೂಗು ಕಟ್ಟಿತ್ತೇನೋ. ಹಾಗೂ ಇರಬಹುದು, ನಾನು ಸುಲಭಕ್ಕೆ ನಂಬುವವಳಲ್ಲ. ಆದರೆ ಆ ದಿನ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಅತ್ತೆ.

ಅವರು ಹೋದ ಮೇಲೆ ಮೊದಲ ಸಲ ಒಬ್ಬಳೇ ಗುಡ್ಡಕ್ಕೆ ಹೋದೆ. ಬೇವುಗಳು ಬೇಲಿಗಿಂತ ಎತ್ತರವಾಗಿದ್ದವು. ಸಿಪಾಯಿಗೆ ವಯಸ್ಸಾಗಿತ್ತು; ಸುದ್ದಿ ಅವನಿಗೂ ಮುಟ್ಟಿತ್ತು. ನಾನೊಬ್ಬಳೇ ಬರುವುದನ್ನು ಕಂಡು ಅವನ ಕಣ್ಣು ತುಂಬಿತು. ಎದ್ದು ಗೇಟಿನ ಹತ್ತಿರ ಬಂದು ಮೆತ್ತಗೆ, "ಯಾ ಬಾಯಿ, ಯಾ" ಎಂದ.

ನಾನು ನಿಂತೆ. ಮುಖ ಮೇಲೆ ಮಾಡಿ ಆಕಾಶ ನೋಡಿದೆ. ಅವನಿಗೆ ತಿಳಿಯಿತು. ಬೆನ್ನು ತಿರುಗಿಸಿ ಪಟಗಾ ಬಿಚ್ಚತೊಡಗಿದ. ನಾನು ಕಾಲಿನಿಂದ ಗೇಟು ನೂಕಿ ಒಳಗೆ ಹೋದೆ.