ಮೊದಲ ಹಗ್ಗ ರೇವಣಪ್ಪನವರ ತೋಟಕ್ಕೆ

ರೇವಣಪ್ಪನವರು ಯಾವ ವಸ್ತುವನ್ನೂ ಕಣ್ಣಿನಿಂದಷ್ಟೇ ನೋಡಿ ಬಿಡುವವರಲ್ಲ. ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಬೇಕು, ಕಿವಿಗೊಟ್ಟು ಕೇಳಬೇಕು. ಸಂತೆಯ ಕಲ್ಲಂಗಡಿಗೂ ಅಷ್ಟೇ, ಮಗ ಓಂಕಾರನಿಗೆ ಹೆಣ್ಣು ನೋಡಲು ಹೋದ ಮನೆಯ ಬಾಗಿಲಿಗೂ ಅಷ್ಟೇ. ಮೀಸೆ ಚಿಗುರುವ ವಯಸ್ಸಿನಲ್ಲಿ ಭಾಲ್ಕಿ ಸೀಮೆಯಿಂದ ಬಂದು ನಾಶಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆ ಸೇರಿದವರು. ಮೊದಲು ಫಿಟ್ಟರ್, ಆಮೇಲೆ ಇನ್‌ಸ್ಪೆಕ್ಟರ್. ಬೇರೆಯವರು ಬಡಿದ ರಿವೆಟ್ಟನ್ನು ಅನುಮಾನಿಸುವುದೇ ನೌಕರಿ. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಅನುಮಾನ ನಿಲ್ಲಲಿಲ್ಲ ಎಂದು ಹೆಂಡತಿ ನಾಗಮ್ಮ ಹೇಳುತ್ತಾರೆ.

ಕೂಡಿಟ್ಟ ಹಣದಲ್ಲಿ ಓಝರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಮೂರು ಎಕರೆ ದ್ರಾಕ್ಷಿ ತೋಟ ಕೊಂಡಿದ್ದರು. ಅಕ್ಟೋಬರಿನಲ್ಲಿ ದ್ರಾಕ್ಷಿಗೆ ಚಾಟ್ನಿ. ಬಳ್ಳಿ ಕತ್ತರಿಸಿ ಹೊಸ ಚಿಗುರಿಗೆ ದಾರಿ ಮಾಡುವ ಕೆಲಸ. ಆ ಎಳೆ ಚಿಗುರಿನ ಮೇಲೆ ಮಳೆ ಬಿದ್ದರೆ ಡಾವಣಿ ರೋಗ ಹಿಡಿಯುತ್ತದೆ. ಮಳೆ ನಿಂತ ಕೂಡಲೇ ಔಷಧಿ ಹೊಡೆಯಬೇಕು. ಮರುದಿನ ಹೊಡೆದರೆ ಸತ್ತವನಿಗೆ ಕಷಾಯ ಕುಡಿಸಿದ ಹಾಗೆ. ಔಷಧಿ ತುಂಬಿದ ಬ್ಲೋವರನ್ನು ಎಳೆದುಕೊಂಡು ಕರಿಮಣ್ಣಿನ ಕೆಸರಿನಲ್ಲಿ ಸಾಲಿನ ನಡುವೆ ಹೋಗಲು ಟ್ರ್ಯಾಕ್ಟರ್ ಬೇಕು. ರೇವಣಪ್ಪನವರ ಹತ್ತಿರ ಅದಿರಲಿಲ್ಲ. ಪಕ್ಕದ ತೋಟದ ಪ್ರೇಮಾಬಾಯಿ ಬಾಡಿಗೆಗೆ ಬಂದು ಹೊಡೆದುಕೊಡುತ್ತಿದ್ದಳು.

ಪ್ರೇಮಾಬಾಯಿ ಆಳಂದದ ಕಡೆಯ ಹೆಣ್ಣು. ಈ ಊರಿನ ಮರಾಠಿ ಮನೆಗೆ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ಅವನ ಟ್ರ್ಯಾಕ್ಟರನ್ನು ತಾನೇ ಹತ್ತಿ ಕುಳಿತಳು. ಆ ಹಾದಿಯ ತೋಟಗಳಲ್ಲಿ ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರ್ ಅದೊಂದೇ. ಮಿಕ್ಕವೆಲ್ಲ ಹಿಂದಿನ ಎರಡು ಗಾಲಿಯಿಂದ ಮಾತ್ರ ಎಳೆಯುವಂಥವು. ಮಳೆಯಲ್ಲಿ ಅವು ಹೂತುಕೊಂಡರೆ ಎಲ್ಲರೂ ಪ್ರೇಮಾಬಾಯಿಗೆ ಫೋನ್ ಮಾಡುತ್ತಾರೆ, ಆಕೆ ಹಗ್ಗ ಕಟ್ಟಿ ಎಳೆದು ತೆಗೆಯುತ್ತಾಳೆ. ಹಗ್ಗಕ್ಕೆ ದುಡ್ಡು ಕೇಳುವಂತಿಲ್ಲ, ಬರುವುದಿಲ್ಲ ಅನ್ನುವಂತೆಯೂ ಇಲ್ಲ. ಅದು ಅಲ್ಲಿಯ ರೂಢಿ.

ಹೋದ ವರ್ಷ ಚಾಟ್ನಿಯಾದ ಮೇಲೆ ಮಳೆ ಬಂತು. ಆಕೆ ಎಲ್ಲರ ಹಗ್ಗ ಎಳೆದು ಮುಗಿಸಿ ಇವರ ತೋಟಕ್ಕೆ ಬರುವಷ್ಟರಲ್ಲಿ ಮರುದಿನವಾಗಿತ್ತು. ಅರ್ಧ ತೋಟದ ಗೊಂಚಲು ಕಪ್ಪಾಗಿ ಉದುರಿತು. ಬೇಕೆಂದೇ ತಡ ಮಾಡಿದಳೇ? ರೇವಣಪ್ಪನವರು ಆ ಪ್ರಶ್ನೆಯನ್ನು ವರ್ಷಪೂರ್ತಿ ತಟ್ಟಿ ತಟ್ಟಿ ನೋಡಿದರು. ಗಟ್ಟಿಯೋ ಪೊಳ್ಳೋ ತಿಳಿಯಲಿಲ್ಲ. ಇನ್ನೊಂದು ಬೆಳೆ ಹೀಗೆ ಹೋದರೆ ತೋಟ ಕೈಬಿಡಬೇಕಾಗುತ್ತಿತ್ತು. ಈ ಸಲದ ಚಾಟ್ನಿಗೆ ಮೊದಲೇ ಸ್ವಂತ ಟ್ರ್ಯಾಕ್ಟರ್ ತರಬೇಕೆಂದು ನಿಶ್ಚಯಿಸಿದರು.

ಎರಡು ಗಾಲಿಯದೋ, ನಾಲ್ಕು ಗಾಲಿಯದೋ?

ಚಹಾದ ಅಂಗಡಿಯಲ್ಲಿ ಕೇಳಿದರೆ ನಾಲ್ಕು ಗಾಲಿಯದೇ ತಗೊಳ್ಳಿ ಅಂತ ಎಲ್ಲರದೂ ಒಂದೇ ಉತ್ತರ: “ಸಾಹೇಬ, ಫೋರ್ ವ್ಹೀಲ್‌ಚ್ ಘ್ಯಾ.” ಹಾಲಿನವನೂ ಅದನ್ನೇ ಹೇಳಿದ, ಗೊಬ್ಬರದ ಅಂಗಡಿಯವನೂ ಅದನ್ನೇ ಹೇಳಿದ. ಕಾರ್ಖಾನೆಯಲ್ಲಿ ಒಂದೇ ಸಮನೆ ಮಿನುಗುವ ರಿವೆಟ್ಟಿನ ಸಾಲು ಕಂಡರೆ, ಯಾರೋ ಏನನ್ನೋ ಉಜ್ಜಿ ಮುಚ್ಚಿದ್ದಾರೆ ಅಂತಲೇ ರೇವಣಪ್ಪನವರು ತಿಳಿಯುತ್ತಿದ್ದರು. ಮನೆಗೆ ಬಂದು ನಾಗಮ್ಮನನ್ನು ಕೇಳಿದರು.

“ಇವರೆಲ್ಲಾ ಒಂದೇ ಮಾತು ಯಾಕ ಆಡ್ಲಾಕತ್ತಾರ, ಗೊತ್ತದ ಏನು?”

“ಖರೆ ಇದ್ದದ್ದು ಒಂದೇ ಇರ್ತದ್ರಿ.”

“ಅಲ್ಲ. ಹಗ್ಗ ಎಳಿಲಾಕ ಇನ್ನೊಬ್ಬ ಬೇಕಾಗ್ಯಾನ ಇವರಿಗಿ. ರಿಟೈರ್ ಆದ ಮುದುಕ, ಮನ್ಯಾಗೇ ಇರ್ತಾನ, ಫೋನ್ ಮಾಡಿದ್ರ ಎತ್ತತಾನ.”

“ಎತ್ತೂದು ಎಲ್ಲಿ ಬಂತು? ಯಾರ ಫೋನ್ ಅಂತ ಮೊದಲ ನನ್ನ ಕಡಿಂದ ಕೇಳಸ್ತೀರಿ.”

ನಾಗಮ್ಮನ ತಮ್ಮ ನಿಂಗಣ್ಣ ಸಿಲ್ಲೋಡಿನಲ್ಲಿ ಹತ್ತಿ, ಮೆಕ್ಕೆಜೋಳದ ವ್ಯಾಪಾರ ಮಾಡುತ್ತಾನೆ, ಸ್ವಲ್ಪ ಹೊಲವೂ ಇದೆ. ಅವನು ಫೋನಿನಲ್ಲಿ, “ಮಾವ, ಕಣ್ಣು ಮುಚ್ಚಿ ಫೋರ್ ವ್ಹೀಲ್ ತಗೋರಿ. ಸಣ್ಣದು ತಗೋರಿ, ಆದ್ರ ಫೋರ್ ವ್ಹೀಲೇ ತಗೋರಿ,” ಅಂದ. ಕಣ್ಣು ಮುಚ್ಚಿ ಅಂದದ್ದೇ ರೇವಣಪ್ಪನವರ ಕಣ್ಣು ತೆರೆಸಿತು. ಮರುದಿನವೇ ಬಸ್ಸು ಹತ್ತಿ, ಸಂಭಾಜಿನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಸಿಲ್ಲೋಡಿಗೆ ಹೋದರು. ಭಾವಮೈದುನನ ಅಂಗಳದಲ್ಲಿ ಕುಳಿತು ಜುಣಕ ಭಕ್ರಿ ಉಂಡರು. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದಾಗ ಟಾರ್ಪಾಲಿನ ಕೆಳಗೆ ಒಂದು ರೋಟಾವೇಟರ್ ಕಂಡಿತು. ಹೊಸದು, ಪ್ಲಾಸ್ಟಿಕ್ಕು ಕೂಡ ಬಿಚ್ಚಿರಲಿಲ್ಲ. ಮಣ್ಣು ಪುಡಿ ಮಾಡುವ ಆ ಯಂತ್ರ ಮೂರೇ ಅಡಿ ಅಗಲ. ತಟ್ಟಿ ನೋಡಿದರು.

“ಇದು ಯಾರದೋ ನಿಂಗಣ್ಣ?”

“ನಂದೇ, ಮಾವ. ಅಗ್ಗಕ್ಕ ಸಿಕ್ತು.”

“ನಿನ್ನ ದೊಡ್ಡ ಟ್ರ್ಯಾಕ್ಟರಿಗಿ ಇದನ್ನ ಕಟ್ಟಿದ್ರ ಆನಿ ಕಾಲಿಗಿ ಗೆಜ್ಜಿ ಕಟ್ಟಿದಂಗ ಆಗ್ತದಲ್ಲ.”

“ಇರ್ಲಿ ಅಂತ ತಂದೀನಿ. ಮುಂದ ಎಂದಾದ್ರೂ ಬೇಕಾಗ್ತದ.” ನಿಂಗಣ್ಣ ಮಜ್ಜಿಗೆ ತರಲು ಒಳಗೆ ಹೋದವನು ಬೇಗ ಹೊರಗೆ ಬರಲಿಲ್ಲ.

ಹತ್ತಿಯ ಸಾಲಿನ ನಡುವೆ ಕಳೆ ತೆಗೆಯಲು ಸಣ್ಣ ಟ್ರ್ಯಾಕ್ಟರ್ ಬೇಕು. ಮಳೆಗಾಲದ ಹಸಿ ಮಣ್ಣಿನಲ್ಲಿ ನಡೆಯಬೇಕಾದರೆ ಅದು ನಾಲ್ಕು ಗಾಲಿಯದೇ ಆಗಬೇಕು. ಮಾವನ ಟ್ರ್ಯಾಕ್ಟರ್ ಆಷಾಢದಲ್ಲಿ ಸಿಲ್ಲೋಡಿಗೆ ಬಂದು ಹತ್ತಿ ಮುಗಿಯುವ ತನಕ ಇಲ್ಲೇ ಇರಬೇಕೆಂದು ನಿಂಗಣ್ಣ ಆಗಲೇ ಗೊತ್ತು ಮಾಡಿಕೊಂಡಿದ್ದಾನೆ. ಮಾವನಿಗೆ ಹೇಳುವುದೊಂದೇ ಬಾಕಿ. ಹಿಂದಿರುಗುವ ಬಸ್ಸಿನಲ್ಲಿ ರೇವಣಪ್ಪನವರು ಕಿಟಕಿಯ ಸರಳನ್ನು ತಟ್ಟುತ್ತ ಕುಳಿತರು.

ಉಳಿದದ್ದು ಪ್ರೇಮಾಬಾಯಿ. ಆಕೆ ಮಾತ್ರ ಬೇರೆ ಹೇಳಿದಳು.

“ಅಣ್ಣಾರ, ಮೂರು ಎಕರೆಕ್ಕ ಎರಡು ಗಾಲಿದು ಸಾಕ್ರಿ. ಸಾಲಿನ ತುದಿಗಿ ಸಲೀಸ ಹೊಳ್ಳತದ. ಮುಂದಿನ ಗಾಲಿ ಎಳಿಯೂದು ದೊಡ್ಡ ಸುತ್ತು ತಗೋತದ, ನಿಮ್ಮ ಬಾಂದಿನ ಕಲ್ಲಿಗಿ ಬಡೀತದ.”

ಬಾಂದು ಎಂದರೆ ಹೊಲದ ಬದು. ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ರೇವಣಪ್ಪನವರು ನಾಲ್ಕು ಗಾಲಿಯದು ತಂದರೆ ಈಕೆಯ ಬಾಡಿಗೆ ಹೋಗುತ್ತದೆ. ಎರಡು ಗಾಲಿಯದು ತಂದರೆ ಅದೂ ಹೂತು, ಈಕೆಯ ಹಗ್ಗಕ್ಕೇ ಬಂದು ನಿಲ್ಲಬೇಕು. ಇಷ್ಟು ಅಕ್ಕರೆ ಸುಮ್ಮನೆ ಬರುತ್ತದೆಯೇ?

ಕೊನೆಗೆ ಅವರು ತಮ್ಮನ್ನು ಮಾತ್ರ ನಂಬಿದರು. ನಾಶಿಕದ ಶೋರೂಮಿನವರು ಎರಡೂ ಬಗೆಯ ಟ್ರ್ಯಾಕ್ಟರನ್ನು ತೋಟಕ್ಕೇ ತಂದು ಓಡಿಸಿ ತೋರಿಸುತ್ತೇವೆ ಎಂದಿದ್ದರು. ಶ್ರಾವಣದಲ್ಲಿ ಮಳೆ ಬಿಡುವು ಕೊಟ್ಟಿತ್ತು, ನೆಲ ಒಣಗಿತ್ತು. ಒಣ ನೆಲದಲ್ಲಿ ಓಡಿಸಿ ಮಂಕುಬೂದಿ ಎರಚುವುದು ಬೇಡವೆಂದು, ರೇವಣಪ್ಪನವರು ಹಿಂದಿನ ಸಂಜೆಯೇ ಪೈಪು ಹಿಡಿದು ಎರಡು ಸಾಲುಗಳಿಗೆ ನೀರು ಬಿಟ್ಟು ಕೆಸರು ಮಾಡಿಟ್ಟರು. ವಿಮಾನವನ್ನು ಹಾರಿಸುವ ಮೊದಲು ನೆಲದ ಮೇಲೆ ಪರೀಕ್ಷೆ ಮಾಡಿದ ಕೈ ಅದು.

ಶೋರೂಮಿನ ತನ್ಮಯ ಇಸ್ತ್ರಿ ಅಂಗಿಯಲ್ಲಿ ಬಂದವನು ಕೆಸರು ನೋಡಿ, ಇದೇನು ಮಾಡಿದಿರಿ ಎಂದು ಹಿಂದೆ ಸರಿದ. “ಕಾಕಾ, ಹೇ ಕಾಯ್ ಕೇಲಂ?”

“ಪರೀಕ್ಷಾ,” ಅಂದರು ರೇವಣಪ್ಪನವರು.

ಎರಡು ಗಾಲಿಯದು ನೀರು ತುಂಬಿದ ಬ್ಲೋವರ್ ಎಳೆದುಕೊಂಡು ಸಾಲು ದಾಟಿತು. ತುದಿಯಲ್ಲಿ ಒಂದೇ ಸಲಕ್ಕೆ ಹೊರಳಿತು. ನಾಲ್ಕು ಗಾಲಿಯದೂ ದಾಟಿತು, ಆದರೆ ತುದಿಯಲ್ಲಿ ಒಮ್ಮೆ ಹಿಂದೆ ಸರಿದು ತಿರುಗಬೇಕಾಯಿತು. ಪ್ರೇಮಾಬಾಯಿ ಹೇಳಿದ್ದು ನಿಜವಾಗಿತ್ತು. ರೇವಣಪ್ಪನವರಿಗೆ ಅದೇ ಹಿಡಿಸಲಿಲ್ಲ. ತನ್ಮಯ ಹೋದ ಮೇಲೆ ಕಬ್ಬಿಣದ ಸಲಾಕೆ ತಂದು ಕೆಸರಿನಲ್ಲಿ ಊರಿ ನೋಡಿದರು. ಬೆರಳುದ್ದ ಇಳಿದು ಠಣ್ ಎಂದು ನಿಂತಿತು. ಕೆಳಗೆಲ್ಲ ಗಟ್ಟಿ ನೆಲ. ಪೈಪಿನ ನೀರು ಮೇಲಿನ ಮಣ್ಣನ್ನಷ್ಟೇ ತೋಯಿಸಿತ್ತು; ಆಕಾಶದ ನೀರು ಆಳಕ್ಕೆ ಇಳಿಯುತ್ತದೆ. ಇಂಥ ಪರೀಕ್ಷೆಯನ್ನು ಬೇರೆ ಯಾರಾದರೂ ಮಾಡಿದ್ದರೆ ಅವರು ಸಹಿ ಹಾಕುತ್ತಿರಲಿಲ್ಲ. ಸಲಾಕೆ ಒರೆಸಿ ಒಳಗಿಟ್ಟು, ನಾಲ್ಕು ಗಾಲಿಯದೇ ಸರಿ ಎಂದು ತೀರ್ಮಾನಿಸಿದರು.

ಪೋಳಾ ಹಬ್ಬದ ದಿನ ಎತ್ತುಗಳ ಜೊತೆ ಟ್ರ್ಯಾಕ್ಟರಿಗೂ ಹಾರ ಹಾಕುತ್ತಾರೆ. ಬೆಳಿಗ್ಗೆ ದೊಡ್ಡ ಮಳೆ ಬಂದು ನಿಂತಿತ್ತು. ನಾಗಮ್ಮ ಕೊಟ್ಟ ಹೋಳಿಗೆಯ ಡಬ್ಬಿ ಹಿಡಿದು ರೇವಣಪ್ಪನವರು ಪ್ರೇಮಾಬಾಯಿಯ ಮನೆಗೆ ಹೋದರು. ಗೇಟಿನ ಹತ್ತಿರ ಆಕೆಯ ಮೈದುನ ನಿಂತಿದ್ದ. ಚಹಾದ ಅಂಗಡಿಯಲ್ಲಿ ಇವನ ಮಾತು ಎಲ್ಲರಿಗೂ ಗೊತ್ತು: ಗಂಡ ಹೋದ ಮೇಲೆ ಹೆಂಗಸಿಗೆ ಹೊಲ ಯಾಕೆ, ತವರಿಗೆ ಹೋಗಲಿ, ನಾನು ಮಾಡಿಕೊಳ್ಳುತ್ತೇನೆ. ಇಲ್ಲಿ ಚಪ್ಪಲಿ ಕಳಚಿ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

“ವಹಿನಿ, ತೇವ್ಹಡಂ ಟ್ರ್ಯಾಕ್ಟರ್ ಕಾಢೂನ್ ದ್ಯಾ,” ಅನ್ನುತ್ತಿದ್ದ. ಅತ್ತಿಗೆ, ನನ್ನ ಹೂತ ಟ್ರ್ಯಾಕ್ಟರನ್ನು ಅಷ್ಟು ಎಳೆದುಕೊಡಿ.

“ಆರತಿ ಆದ ಮೇಲೆ ಬರ್ತೀನಿ ಹೋಗು,” ಎಂದು ಪ್ರೇಮಾಬಾಯಿ ಮರಾಠಿಯಲ್ಲಿ ಅಂದಳು. ಆತ ತಲೆಯಾಡಿಸಿ, ಗೇಟು ಸದ್ದಾಗದಂತೆ ಎಳೆದುಕೊಂಡು ಹೋದ.

ರೇವಣಪ್ಪನವರು ಡಬ್ಬಿ ಕೊಟ್ಟು ನೇರವಾಗಿ ಕೇಳಿದರು. “ಬಾಯಿ, ಖರೆ ಹೇಳ್ರಿ. ನನಗ ಎರಡು ಗಾಲಿದು ತಗೋ ಅಂತ ಯಾಕ ಹೇಳಿದ್ರಿ?”

ಆಕೆ ಟ್ರ್ಯಾಕ್ಟರಿನ ಮೂತಿಗೆ ಕುಂಕುಮ ಹಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನೋಡಿದ್ರಲ್ಲ ಅಣ್ಣಾರ, ಈಗ ಹೋದ ಮನಷ್ಯಾನ್ನ. ಅವನ ಟ್ರ್ಯಾಕ್ಟರ್ ಹುಗಿದ ದಿನ ನಾ ವಹಿನಿ. ಬ್ಯಾರೆ ದಿನ ಏನಂತಾನ, ನೀವೂ ಕೇಳಿರ್ತೀರಿ. ನಾಳಿ ನಿಮ್ಮ ಮನ್ಯಾಗ ಇಂಥಾದೇ ಬಂದು ನಿಂತ್ರ ಎಲ್ಲಾರೂ ನಿಮ್ಮ ಗೇಟಿಗಿ ಬರ್ತಾರ. ನನ್ನ ಗೇಟಿಗಿ ಯಾರು ಬರ್ತಾರ್ರಿ? ಇವನೇ ಬರ್ತಾನ, ಚಪ್ಪಲಿ ಹಾಕ್ಕೊಂಡು.”

“ಹೋದ ವರ್ಷ ನನ್ನ ತೋಟಕ್ಕ ತಡ ಮಾಡಿ ಬಂದಿದ್ರಿ.”

“ಹೌದ್ರಿ. ನೀವು ಬಾಡಿಗಿ ಕೊಡವರು, ಸಿಟ್ಟು ಮಾಡಿದ್ರ ಬಾಡಿಗಿ ಹೋಗ್ತದ ಅಷ್ಟೇ. ಊರವರಿಗಿ ಸಿಟ್ಟು ಬಂದ್ರ ಮೈದುನನ ಕಡಿ ಆಗ್ತಾರ, ನನ್ನ ಹೊಲಾ ಹೋಗ್ತದ. ಅವರದೇ ಮೊದಲ ಮಾಡಿದೆ.”

ವರ್ಷಪೂರ್ತಿ ತಟ್ಟಿದ ಪ್ರಶ್ನೆ ಗಟ್ಟಿಯಾಗಿತ್ತು. ಬೇಕೆಂದೇ ತಡ ಮಾಡಿದ್ದಳು. ರೇವಣಪ್ಪನವರಿಗೆ ಸಿಟ್ಟು ಬರಬೇಕಿತ್ತು. ಅದರ ಬದಲು, ಬಹಳ ಕಾಲದ ಮೇಲೆ ಒಬ್ಬರು ಎದುರಿಗೆ ನಿಂತು ಬಿರುಕನ್ನು ತಾವೇ ಬೆರಳಿಟ್ಟು ತೋರಿಸಿದರಲ್ಲ ಅನ್ನಿಸಿತು. ಕಾರ್ಖಾನೆಯಲ್ಲಿ ಹಾಗೆ ತೋರಿಸಿದವರ ಕೆಲಸವನ್ನು ಅವರು ಎಂದೂ ತಿರಸ್ಕರಿಸಿರಲಿಲ್ಲ. ತಿದ್ದಿಸಿ, ಸಹಿ ಹಾಕುತ್ತಿದ್ದರು.

“ನಾ ಎರಡು ಗಾಲಿದೇ ತರ್ತೀನಿ,” ಅಂದರು. “ಒಂದು ಕರಾರು. ಚಾಟ್ನಿ ಆದ ಮ್ಯಾಲ ಮಳಿ ಬಂದ್ರ ಮೊದಲ ಹಗ್ಗ ನನ್ನ ತೋಟಕ್ಕ. ಯಾರು ಕರದ್ರೂ ಸೈ.”

ಪ್ರೇಮಾಬಾಯಿ ಕುಂಕುಮದ ಕೈಯನ್ನು ಗಾಲಿಗೆ ಒರೆಸಿ, “ಮೊದಲ ನಿಮಗೇ,” ಅಂದಳು.

ಮನೆಯಲ್ಲಿ ನಾಗಮ್ಮ ಕೇಳಿದ್ದು ಒಂದೇ ಮಾತು. “ಆಕಿ ಬರಲಿಲ್ಲ ಅಂದ್ರ?”

ಅದೇ ಪ್ರಶ್ನೆ ರೇವಣಪ್ಪನವರನ್ನೂ ಬಿಟ್ಟಿರಲಿಲ್ಲ. ಆ ವಾರದಲ್ಲೇ, ಆಕೆ ಹೊಲದಲ್ಲಿದ್ದಾಗ ಮನೆಗೆ ಹೋಗಿ, ಅಂಗಳದಲ್ಲಿ ನಿಂತಿದ್ದ ಆಕೆಯ ಟ್ರ್ಯಾಕ್ಟರಿನ ಹಿಂದೆ ಬ್ಲೋವರ್ ಸಿಕ್ಕಿಸುವ ಕೊಂಡಿಯನ್ನು ಕೂತು ನೋಡಿ ಬಂದರು.

ಎರಡು ಗಾಲಿಯ ಟ್ರ್ಯಾಕ್ಟರ್ ಬಂದಾಗ ಚಹಾದ ಅಂಗಡಿಯಲ್ಲಿ ನಕ್ಕರು. ವಿಮಾನದ ಸಾಹೇಬರಿಗೆ ಗಾಲಿಯ ಲೆಕ್ಕ ತಪ್ಪಿತು ಅಂದರು. ನಿಂಗಣ್ಣ ಫೋನ್ ಮಾಡಿ, “ಮಾವ, ದೊಡ್ಡ ತಪ್ಪು ಮಾಡಿದ್ರಿ,” ಎಂದು ಮುನಿಸಿಕೊಂಡ.

“ಹೌದಪ್ಪ. ಆ ಮೂರು ಅಡಿದು ಮಾರಿಬಿಡು. ಪ್ಲಾಸ್ಟಿಕ್ ಇನ್ನೂ ಹರಿದಿಲ್ಲಲ್ಲ, ಒಳ್ಳೆ ರೇಟು ಬರ್ತದ.”

“ಫೋನ್ ಅಕ್ಕಗ ಕೊಡ್ರಿ,” ಅಂದ ನಿಂಗಣ್ಣ.

ಅಕ್ಟೋಬರಿನಲ್ಲಿ ಚಾಟ್ನಿಯಾಯಿತು. ಚಿಗುರು ಎಲೆಯಾಗಿ ಬಿಚ್ಚಿ, ಪುಟ್ಟ ಗೊಂಚಲು ಸಾಸಿವೆಯಂತೆ ಇಣುಕುವಾಗ ಮಳೆ ಬಂತು. ಬೆಳಗಿನ ಜಾವ ಹಿಡಿದದ್ದು ಹೊತ್ತೇರಿದ ಮೇಲೆ ಬಿಟ್ಟಿತು. ರೇವಣಪ್ಪನವರು ಔಷಧಿ ಕಲಸಿ ಬ್ಲೋವರ್ ಕಟ್ಟಿ ಹೊರಟರು. ಮೊದಲ ಸಾಲಿನ ಅರ್ಧಕ್ಕೇ ಹಿಂದಿನ ಗಾಲಿ ಕೊರೆದುಕೊಂಡು ಕೆಳಗಿಳಿಯಿತು. ಎಂಜಿನ್ ನಿಲ್ಲಿಸಿ ಫೋನ್ ಮಾಡಿದರೆ ಪ್ರೇಮಾಬಾಯಿಯ ಫೋನು ಬೇರೆ ಕರೆಯಲ್ಲಿತ್ತು. ಇನ್ನೊಮ್ಮೆ ಮಾಡಿದರು. ಹಾಗೇ ಇತ್ತು. ಚಪ್ಪರದಿಂದ ನೀರು ಹನಿಯುತ್ತಿತ್ತು, ಎಲೆಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಆ ಹೊಳಪನ್ನು ಅವರಿಂದ ನೋಡಲಾಗಲಿಲ್ಲ.

ರಸ್ತೆಯಲ್ಲಿ ಆಕೆಯ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಹತ್ತಿರ ಬಂತು. ಇವರ ತೋಟದ ದಾರಿಯನ್ನು ದಾಟಿ ಮುಂದೆ ಹೋಯಿತು, ಆಕೆಯ ಮೈದುನನ ಹೊಲದ ಕಡೆಗೆ.

ಬದುವಿನ ಮೇಲೆ ಸೀರೆ ಎತ್ತಿ ಕಟ್ಟಿ ನಿಂತಿದ್ದ ನಾಗಮ್ಮ ಗಂಡನ ಮುಖ ನೋಡಿದರು. ರೇವಣಪ್ಪನವರು ಸ್ಟೇರಿಂಗನ್ನು ತಟ್ಟುತ್ತ ಕುಳಿತರು. ಮರುಳಾದೆ. ಇಷ್ಟು ವರ್ಷ ಲೋಹಕ್ಕೆ ಮರುಳಾಗದವನು ಒಂದು ಮಾತಿಗೆ ಮರುಳಾದೆ.

ಸದ್ದು ದೂರದಲ್ಲಿ ಒಂದು ಗಳಿಗೆ ನಿಂತಿತು. ಮತ್ತೆ ಹೊರಟಿತು. ಈಗ ಹಿಂದಿನಿಂದ ಬರುತ್ತಿತ್ತು. ಮೈದುನನ ಹೊಲದ ಮೂಲೆಯಿಂದ ಬಾಂದಿನ ತಗ್ಗು ಇಳಿದು, ಪ್ರೇಮಾಬಾಯಿ ಅವರ ತೋಟದೊಳಕ್ಕೇ ಬಂದಳು. ಸೆರಗಿನ ಮೇಲೆ ಗಂಡನ ಹಳೆಯ ಅಂಗಿ, ಮೊಣಕಾಲ ತನಕ ಕೆಸರು.

“ನಿಮ್ಮ ದಾರ್ಯಾಗ ನೀರು ನಿಂತದ ಅಣ್ಣಾರ. ಸುತ್ತ ಹಾಕಿ ಬಂದೆ.”

“ಮೈದುನ ನಿಲ್ಲಿಸಿದ್ನೇನು?”

“ಫೋನ್ನಾಗೂ ಅವನೇ, ದಾರ್ಯಾಗೂ ಅವನೇ. ಅಡ್ಡ ನಿಂತಿದ್ದ. ಮೊದಲ ಅಣ್ಣಾರದು, ಆಮ್ಯಾಲ ನಿಂದು ಅಂದೆ. ಮುಖ ಸಣ್ಣದ ಮಾಡಿದ. ಆದ್ರ ಸರದ.”

ಹಗ್ಗ ಕಟ್ಟಿ ಎಳೆದಳು. ಹೂತ ಟ್ರ್ಯಾಕ್ಟರ್ ಕೆಸರು ಚೀಪುತ್ತ ಹೊರಗೆ ಬಂತು. ಔಷಧಿ ಹೊಡೆಯಲು ಬ್ಲೋವರನ್ನು ತನ್ನ ಟ್ರ್ಯಾಕ್ಟರಿಗೆ ಸಿಕ್ಕಿಸಲು ಹೋದಾಗ ರೇವಣಪ್ಪನವರು ಕೈ ಅಡ್ಡ ಚಾಚಿದರು. ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಉಕ್ಕಿನ ಪಿನ್ನನ್ನು ತೆಗೆದು, ತಟ್ಟಿ ಕೇಳಿ, ಕೊಂಡಿಯಲ್ಲಿ ಹಾಕಿದರು. ಆಕೆಯ ಪಿನ್ನು ನಡುವಿನಲ್ಲಿ ಸವೆದದ್ದನ್ನು ಪೋಳಾದ ವಾರವೇ ನೋಡಿದ್ದರು. ಅಳತೆ ತಂದು ಹೊಸದನ್ನು ಮಾಡಿಸಿಟ್ಟಿದ್ದರು.

ಪ್ರೇಮಾಬಾಯಿ ಪಿನ್ನನ್ನೂ ಅವರನ್ನೂ ನೋಡಿದಳು. “ನನ್ನ ಮ್ಯಾಲ ನಂಬಿಗಿ ಇಲ್ಲೇನ್ರಿ?”

“ನಿಮ್ಮ ಮ್ಯಾಲ ಅದರಿ. ಪಿನ್ನಿನ ಮ್ಯಾಲ ಇದ್ದಿಲ್ಲ.”

“ನಡೀರಿ, ಎಲಿ ಒಣಗೂದ್ರೊಳಗ ಹೊಡಿಯೋಣು,” ಎಂದು ಆಕೆ ಮುಂದಿನ ಗಾಲಿಯ ಲಿವರ್ ಎಳೆದಳು. ರೇವಣಪ್ಪನವರು ಹಿಂದೆ ಹಿಂದೆ ಕೆಸರಿನಲ್ಲಿ ನಡೆಯುತ್ತ, ಪ್ರತಿ ಸಾಲಿನಲ್ಲೂ ಔಷಧಿ ಎಲೆಯ ಕೆಳಗೂ ಬಿದ್ದಿದೆಯೇ ಎಂದು ಎಲೆ ಮಗುಚಿ ನೋಡುತ್ತ ಹೋದರು.